ಪೈನಾಪಲ್ ಲಿಲಿ ಎಲೆಯೆಲ್ಲಾ ಹಳದಿಯಾಗಿ ಮಲಗ್ಬಿಟ್ಟಿದೆ, ಗೆಡ್ಡೆ ತೆಗೀಬೇಕಾ ಹಾಗೇ ಬಿಡ್ಲಾ?

ಕುಂಡದ ಗಿಡ:

ಎಲ್ರಿಗೂ ನಮಸ್ಕಾರ, ಪೈನಾಪಲ್ ಲಿಲಿ ಬೆಳೆಸಿ ಅಭ್ಯಾಸ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಹೇಳಿ. ಎರಡು ವರ್ಷದ ಹಿಂದೆ ನಾಲ್ಕು ಗೆಡ್ಡೆ ತಂದು ಎರಡನ್ನ ಕುಂಡಕ್ಕೆ, ಎರಡನ್ನ ನೆಲಕ್ಕೆ ಹಾಕಿದ್ದೆ. ಮೊದಲ್ನೇ ವರ್ಷ ಬರೀ ಎಲೆ. ಆ ಚಳಿಗಾಲದಲ್ಲಿ ಎಲೆ ಒಣಗ್ತಾ ಬಂದಾಗ ನೀರು ಸಾಲ್ತಿಲ್ಲ ಅಂದ್ಕೊಂಡು ದಿನಾ ಹಾಕ್ತಾನೇ ಹೋದೆ, ಆಮೇಲೆ ಎಷ್ಟು ದಿನ ಆದ್ರೂ ಚಿಗುರು ಕಾಣ್ಲಿಲ್ಲ ಅಂತ ಕೆದಕಿ ನೋಡಿದ್ರೆ ಕುಂಡದಲ್ಲಿದ್ದ ಒಂದು ಗೆಡ್ಡೆ ಕೈಗೆ ಲೋಳೆಯಾಗಿ ಬಂತು, ಬೆರಳು ಒತ್ತಿದ ತಕ್ಷಣ ಒಳಗಿಂದ ಕಂದು ನೀರು. ತುಂಬಾ ಬೇಜಾರಾಯ್ತು.

ಈ ವರ್ಷ ಉಳಿದ ಮೂರರಲ್ಲಿ ಎರಡು ಹೂ ಬಿಟ್ವು. ಹೂದಂಡಿನ ಕೆಳಗಿಂದ ಶುರುವಾಗಿ ಒಂದೊಂದೇ ಸಾಲು ಮೇಲಕ್ಕೆ ಅರಳ್ತಾ ಹೋಯ್ತು, ತಲೆ ಮೇಲೆ ಆ ಹಸಿರು ಜುಟ್ಟು, ಅಷ್ಟು ಚೆನ್ನಾಗಿತ್ತು. ಈಗ ಮತ್ತೆ ಎಲೆ ತುದಿಯಿಂದ ಹಳದಿಯಾಗ್ತಾ ಬಂದಿದೆ. ಈ ಸಲ ತಪ್ಪು ಮಾಡೋಕೆ ಇಷ್ಟ ಇಲ್ಲ. ಎಲೆ ಕತ್ತರಿಸ್ಲಾ? ನೀರು ನಿಲ್ಲಿಸ್ಲಾ? ಕುಂಡದ ಗಿಡದ ದಂಡು ಪೂರ್ತಿ ಬಾಗಿ ಕುಂಡದ ಅಂಚಿಗೆ ಒರಗಿತ್ತು, ಅದು ಯಾಕೆ? ಇನ್ನೊಂದು ವಿಷ್ಯ, ನೆಲದಲ್ಲಿರೋದು ಹೂ ಬಿಟ್ಟಾಗ ಹತ್ರ ಹೋದ್ರೆ ಏನೋ ಕೊಳೆತ ವಾಸನೆ ಬರ್ತಿತ್ತು, ನೊಣ ಬೇರೆ ಕೂತಿರ್ತಿದ್ವು. ಅದೂ ಒಳಗೊಳಗೇ ಕೊಳೀತಿದ್ಯಾ ಅಂತ ಭಯ ಆಗ್ತಿದೆ.

ಗೆಡ್ಡೆಗೆಣಸು:

ಗಾಬರಿ ಆಗ್ಬೇಡಿ ಮೇಡಂ, ನೀವು ಹೇಳ್ತಿರೋದ್ರಲ್ಲಿ ಮುಕ್ಕಾಲು ಪಾಲು ಗಿಡದ ಮಾಮೂಲಿ ನಡವಳಿಕೆ. ಈ ಗಿಡದ ನಿಜವಾದ ಹೆಸ್ರು ಯೂಕೊಮಿಸ್, ಹುಟ್ಟಿದ್ದು ಆಫ್ರಿಕಾದ ದಕ್ಷಿಣ ಭಾಗದಲ್ಲಿ, ದಕ್ಷಿಣ ಆಫ್ರಿಕಾ, ಲೆಸೋಥೋ, ಎಸ್ವಾಟಿನಿ, ಝಿಂಬಾಬ್ವೆ ಕಡೆ. ಅಲ್ಲಿ ಇದು ಬೆಳೆಯೋ ಹುಲ್ಲುಗಾವಲಲ್ಲಿ ಮಳೆ ಬರೋದು ಬೇಸಿಗೆಯಲ್ಲಿ, ಚಳಿಗಾಲ ಪೂರ್ತಿ ಒಣ. ಅಂದ್ರೆ ಬಿಸಿಲೂ ನೀರೂ ಒಟ್ಟಿಗೆ ಸಿಕ್ಕಾಗ ಬೆಳೆದು, ಚಳಿ ಬಂದಾಗ ಎಲೆ ಬಿಟ್ಟು ಒಣ ಮಣ್ಣಲ್ಲಿ ಮಲಗೋ ಗೆಡ್ಡೆ ಇದು. ನಿಮ್ಮ ಗೆಡ್ಡೆ ಹೋಗಿದ್ದು ಅದಕ್ಕೇ, ಎಲೆ ಇಲ್ಲದಿದ್ದಾಗ ಅದು ನೀರು ಎಳ್ಕೊಳ್ಳಲ್ಲ, ಹಾಕಿದ ನೀರೆಲ್ಲಾ ಕುಂಡದಲ್ಲೇ ನಿಂತು ಗೆಡ್ಡೆಯ ಬುಡ ಕೊಳೆಸುತ್ತೆ.

ಈಗ ಮಾಡ್ಬೇಕಾಗಿರೋದು ಇಷ್ಟೇ, ಎಲೆ ಹಳದಿಯಾಗೋಕೆ ಶುರುವಾದ ಮೇಲೆ ನೀರು ಕಮ್ಮಿ ಮಾಡ್ತಾ ಬನ್ನಿ, ಎಲೆ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ. ಹಸಿರು ಇರೋವರೆಗೂ ಎಲೆ ಕತ್ತರಿಸೋದು ಬೇಡ, ಅದು ಮುಂದಿನ ವರ್ಷದ ಹೂವಿಗೆ ಬೇಕಾಗೋ ಊಟಾನ ಗೆಡ್ಡೆಗೆ ಇಳಿಸ್ತಾ ಇರುತ್ತೆ, ಅರ್ಧ ಹಳದಿ ಅರ್ಧ ಹಸಿರು ಇದ್ದಾಗ ನೋಡೋಕೆ ಗಲೀಜು ಅನ್ಸುತ್ತೆ ನಿಜ, ಆದ್ರೂ ಬಿಡಿ. ಪೂರ್ತಿ ಒಣಗಿದಾಗ ಕೈಯಲ್ಲಿ ಮೆಲ್ಲಗೆ ಎಳೆದ್ರೆ ತಾನೇ ಕಳಚಿ ಬರುತ್ತೆ.

ಕುಂಡದ್ದನ್ನ ಕುಂಡದ ಸಮೇತ ಮಳೆ ಬೀಳದ, ಒಣ ಜಾಗಕ್ಕೆ ಸರಿಸಿ ಇಟ್ಬಿಡಿ, ತೆಗೆಯೋ ಅಗತ್ಯ ಇಲ್ಲ. ನೆಲದಲ್ಲಿರೋದಕ್ಕೆ ನೀರು ಬಸಿದು ಹೋಗೋ ಜಾಗ ಆದ್ರೆ ಅಲ್ಲೇ ಬಿಡಬಹುದು. ಮಂಜು ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟೋ ಕಡೆ ಆದ್ರೆ ಗೆಡ್ಡೆನ 15 ಸೆಂಟಿಮೀಟರ್ ಆಳಕ್ಕೆ ಇಟ್ಟು ಮೇಲೆ ಒಣ ಎಲೆ ದಪ್ಪಕ್ಕೆ ಹಾಸ್ಬೇಕು. ಜೇಡಿ ಮಣ್ಣಾಗಿ ಚಳಿಗಾಲದಲ್ಲೂ ನೀರು ನಿಲ್ಲುತ್ತೆ ಅಂದ್ರೆ ಮಾತ್ರ ಅಗೆದು ತೆಗೆದು ಒಣ ಮರಳಲ್ಲೋ ಪೇಪರ್ ಕವರಲ್ಲೋ ಇಡಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.

ದಂಡು ಬಾಗಿದ್ದಕ್ಕೆ ಸಾಮಾನ್ಯವಾಗಿ ಎರಡು ಕಾರಣ, ಬಿಸಿಲು ಕಮ್ಮಿ ಇಲ್ಲಾ ಗೊಬ್ಬರ ಜಾಸ್ತಿ. ಸಾರಜನಕ ಜಾಸ್ತಿ ಇರೋ ಗೊಬ್ಬರ ಹಾಕಿದ್ರೆ ಎಲೆ ಉದ್ದುದ್ದ ಬಂದು ದಂಡು ಮೆತ್ತಗಾಗುತ್ತೆ. ಹೂ ಮುಗಿದು ಕಾಯಿ ಕಟ್ಟಿದಾಗ್ಲೂ ಭಾರಕ್ಕೆ ಬಾಗುತ್ತೆ, ಒಂದು ಕಡ್ಡಿ ಆಸರೆ ಕೊಟ್ರೆ ಸಾಕು.

ಬೆಳಗಿನ ಬಿಸಿಲು:

ವಾಸನೆ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಾನೂ ಇದೇ ಭಯಕ್ಕೆ ಒಂದು ಒಳ್ಳೇ ಗಿಡಾನ ಹೂ ಸಮೇತ ಅಗೆದು ನೋಡಿದ್ದೆ, ಗೆಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಸುಮ್ನೆ ಬೇರು ಹರಿದು ಆ ವರ್ಷದ ಹೂ ಹಾಳಾಯ್ತು. ನಿಮ್ಮ ನೆಲದ ಗಿಡ ಬಹುಶಃ ಯೂಕೊಮಿಸ್ ಬೈಕಲರ್ ಅನ್ನೋ ಜಾತಿ. ಹೂ ತಿಳಿ ಹಸಿರಾಗಿದ್ದು ಎಸಳಿನ ಅಂಚಲ್ಲಿ ಸಣ್ಣಗೆ ನೇರಳೆ ಗೆರೆ ಇದ್ಯಾ, ದಂಡಿನ ಮೇಲೆ ಕೆಂಗಂದು ಚುಕ್ಕೆ ಇದ್ಯಾ ಅಂತ ಫೋಟೋ ಇದ್ರೆ ನೋಡಿ. ಅದರ ಹೂವಿಗೇ ಕೊಳೆತ ಮಾಂಸದ ವಾಸನೆ, ಗಂಧಕದ ಅಂಶ ಇರೋದ್ರಿಂದ. ಪರಾಗಸ್ಪರ್ಶ ಮಾಡೋದು ನೊಣಗಳು, ಅವನ್ನ ಕರೆಯೋಕೇ ಆ ವಾಸನೆ. ಯೂಕೊಮಿಸ್ ಕೊಮೊಸಾ ಮತ್ತೆ ಆಟಮ್ನಾಲಿಸ್‌ನಲ್ಲಿ ಆ ಗಂಧಕದ ವಾಸನೆ ಇಲ್ಲ, ಅವಕ್ಕೆ ಬರೋದು ಜೇಡ ಬೇಟೆಯಾಡೋ ಒಂದು ಜಾತಿ ಕಣಜ. ಹೂ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ಬರೀ ವಾಸನೆ ಬದಲಾದ್ರೆ ಅತಿಥಿಗಳೇ ಬದಲಾಗ್ತಾರೆ, ನನಗಂತೂ ಈ ಗಿಡದಲ್ಲಿ ಎಲ್ಲಕ್ಕಿಂತ ಇಷ್ಟ ಆಗಿರೋ ವಿಷ್ಯ ಇದೇ.

ಹಾಗಾಗಿ ಬೈಕಲರ್‌ನ ಕಿಟಕಿ ಕೆಳಗೆ, ಕೂತ್ಕೊಳ್ಳೋ ಜಾಗದ ಪಕ್ಕ ಹಾಕ್ಬೇಡಿ, ಸ್ವಲ್ಪ ದೂರಕ್ಕೆ ಹಾಕಿ. ವಾಸನೆ ಇರೋದು ಹೂ ಅರಳಿರೋವಾಗ ಮಾತ್ರ, ಕಾಯಿ ಕಟ್ಟಿದ ಮೇಲೆ ಇರಲ್ಲ, ಆದ್ರೆ ಆ ಜುಟ್ಟು ಕಾಯಿ ಮಾತ್ರ ಇನ್ನೂ ಎಷ್ಟೋ ವಾರ ಹಾಗೇ ನಿಂತಿರುತ್ತೆ. ಕೊಮೊಸಾ ಆದ್ರೆ ಕತ್ತರಿಸಿ ಹೂದಾನಿಗೂ ಇಡಬಹುದು, ಬೇಗ ಬಾಡಲ್ಲ.

ಹಿತ್ತಲ ಬಾವಿ:

ಕೊಮೊಸಾ ಅಂದ್ರೆನೇ ಜುಟ್ಟು ಇರೋದು ಅಂತ, ಯೂಕೊಮಿಸ್ ಅನ್ನೋ ಗ್ರೀಕ್ ಹೆಸ್ರಿಗೂ ಚೆಂದದ ಕೂದಲು ಅಂತಾನೇ ಅರ್ಥ. ನಿಜವಾದ ಅನಾನಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಇದು ಶತಾವರಿ ಕುಟುಂಬದ್ದು. ಕಾಯಿ, ಗೆಡ್ಡೆ ಯಾವುದೂ ತಿನ್ನೋದಲ್ಲ, ಮನೇಲಿ ಚಿಕ್ಕ ಮಕ್ಕಳು, ನಾಯಿ ಇದ್ರೆ ಅಗೆದಿಟ್ಟ ಗೆಡ್ಡೆ ಮೇಲೆ ಕಣ್ಣಿರಲಿ. ದಕ್ಷಿಣ ಆಫ್ರಿಕಾದಲ್ಲಿ ಆಟಮ್ನಾಲಿಸ್ ಗೆಡ್ಡೆನ ನಾಟಿ ಔಷಧಿಗೆ ಅಂತ ಕಾಡಿಂದ ಕಿತ್ತು ಮಾರ್ತಾರೆ, ಅಲ್ಲಿ ಅದು ಕಮ್ಮಿಯಾಗ್ತಿರೋದಕ್ಕೆ ಅದೂ ಒಂದು ಕಾರಣ. ಅದಕ್ಕೇ ಗೆಡ್ಡೆ ತಗೊಳ್ಳೋವಾಗ ನರ್ಸರಿಯಲ್ಲೇ ಬೆಳೆಸಿದ್ದಾ ಅಂತ ಕೇಳಿ ತಗೊಳ್ಳಿ. ಅದಕ್ಕಿಂತ ನಿಮ್ಮ ಗಿಡದಿಂದಲೇ ಮರಿ ಮಾಡ್ಕೊಳ್ಳೋದು ಎಷ್ಟೋ ಮೇಲು.

ಇದ್ರಲ್ಲಿ ಎಲೆಯಿಂದಾನೇ ಗೆಡ್ಡೆ ಮಾಡಬಹುದು ಗೊತ್ತಾ! ಚೆನ್ನಾಗಿ ಬಲಿತ, ಹಸಿರಾಗಿರೋ ಒಂದು ಎಲೆ ತಗೊಂಡು ಅಡ್ಡಡ್ಡಕ್ಕೆ 5 ಸೆಂಟಿಮೀಟರ್‌ನಷ್ಟು ತುಂಡು ಮಾಡಿ. ಯಾವ ಕಡೆ ಬುಡ ಯಾವ ಕಡೆ ತುದಿ ಅನ್ನೋದು ಮರೆತುಹೋಗುತ್ತೆ, ಅದಕ್ಕೆ ಬುಡದ ಕಡೆ ಬಾಣದ ಮೊನೆ ಥರ ಓರೆಯಾಗಿ ಕತ್ತರಿಸ್ಕೊಂಡ್ರೆ ಗೊಂದಲ ಇರಲ್ಲ. ಆ ಬುಡದ ಕಡೆಯನ್ನ ಪರ್ಲೈಟ್ (ನರ್ಸರಿಯಲ್ಲಿ ಸಿಗೋ ಹಗುರವಾದ ಬಿಳೀ ಹರಳು) ಬೆರೆಸಿದ ಒದ್ದೆ ಮರಳಲ್ಲಿ ಅರ್ಧದಷ್ಟು ಊರಿ, ನೆರಳಲ್ಲಿ, ಮಣ್ಣು ಬರೀ ಪಸೆ ಇರೋ ಹಾಗೆ ನೋಡ್ಕೊಳ್ಳಿ. ಎರಡು ಮೂರು ತಿಂಗಳಲ್ಲಿ ಎಲೆ ತುಂಡು ಸೊರಗ್ತಾ ಬರುತ್ತೆ, ಕಿತ್ತು ಬಿಸಾಡ್ಬೇಡಿ, ಕತ್ತರಿಸಿದ ಅಂಚಿನ ಉದ್ದಕ್ಕೂ ಅಕ್ಕಿಕಾಳಿನಿಂದ ಬಟಾಣಿವರೆಗಿನ ಗಾತ್ರದ ಬಿಳೀ ಗೆಡ್ಡೆಗಳು ಸಾಲಾಗಿ ಕೂತಿರ್ತವೆ. ಮೊದಲ್ನೇ ಸಲ ಅದನ್ನ ನೋಡಿದಾಗ ನನಗೆ ಆದ ಖುಷಿ ಹೇಳೋಕಾಗಲ್ಲ. ಈಗಿನ ಹಳದಿ ಎಲೆಯಲ್ಲಿ ಪ್ರಯತ್ನ ಮಾಡ್ಬೇಡಿ, ಕೊಳೆಯುತ್ತೆ, ಮುಂದಿನ ಸಲ ಎಲೆ ಪೂರ್ತಿ ಬೆಳೆದ ಮೇಲೆ ಮಾಡಿ. ಕಪ್ಪಗೆ ಹೊಳೆಯೋ ಬೀಜದಿಂದಲೂ ಬರುತ್ತೆ, ಆದ್ರೆ ಹೂ ನೋಡೋಕೆ ಮೂರರಿಂದ ಐದು ವರ್ಷ ಕಾಯ್ಬೇಕು, ಅದೂ ಅಲ್ದೆ ಸ್ಪಾರ್ಕ್ಲಿಂಗ್ ಬರ್ಗಂಡಿ ಥರದ ಕೆಂಪೆಲೆ ತಳಿ ಆದ್ರೆ ಬೀಜದ ಸಸಿ ತಾಯಿ ಥರಾನೇ ಬರುತ್ತೆ ಅನ್ನೋ ಹಾಗಿಲ್ಲ.

ಕುಂಡದ ಗಿಡ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋಟೋ ತೆಗೆದು ನೋಡ್ದೆ, ಎಸಳಿನ ಅಂಚಲ್ಲಿ ನೇರಳೆ ಗೆರೆ ಇದೆ, ದಂಡಲ್ಲಿ ಚುಕ್ಕೆನೂ ಇದೆ, ಬೈಕಲರ್‌ರೇ! ಎಷ್ಟು ಸಮಾಧಾನ ಆಯ್ತು ಅಂದ್ರೆ. ಆದ್ರೆ ಹೂ ಬಿಡದೇ ಇರೋ ಮೂರನೇದನ್ನ, ಅದು ನೆಲದ ಮೂಲೆಯಲ್ಲಿ ನೀರು ನಿಲ್ಲೋ ಕಡೆ ಇತ್ತು, ಅದರ ಎಲೆ ಪೂರ್ತಿ ಒಣಗಿತ್ತು ಅಂತ ಇವತ್ತು ಅಗೆದೆ. ಗೆಡ್ಡೆ ಗಟ್ಟಿಯಾಗೇ ಇದೆ ಆದ್ರೆ ಒಂದು ಪಕ್ಕದಲ್ಲಿ ಹೆಬ್ಬೆರಳಗಲದಷ್ಟು ಕಂದು ಕಲೆ, ಅಲ್ಲಿ ಒತ್ತಿದ್ರೆ ಮೆತ್ತಗಿದೆ. ಪದರದ ಸಂದಿಯಲ್ಲಿ ಬಿಳೀ ಹತ್ತಿ ಥರ ಏನೋ ಅಂಟ್ಕೊಂಡಿದೆ. ಪಕ್ಕದಲ್ಲಿ ಒಂದು ಮರಿಗೆಡ್ಡೆ ಬೇರೆ ಇದೆ. ಉಳಿಸ್ಕೊಳ್ಳಬಹುದಾ?

ಗೆಡ್ಡೆಗೆಣಸು:

ಉಳಿಯೋ ಸಾಧ್ಯತೆ ಚೆನ್ನಾಗಿದೆ. ಮೊದಲು ಮರಿನ ಬೇರೆ ಮಾಡಿ, ಅದಕ್ಕೆ ತನ್ನದೇ ಬೇರಿದ್ರೆ ತಾನಾಗೇ ಬದುಕುತ್ತೆ. ಆಮೇಲೆ ಚೂಪಾದ ಚಾಕುನ ಸ್ಪಿರಿಟ್‌ನಲ್ಲಿ ಒರೆಸಿ ಕಂದು ಭಾಗನ ಬಿಳೀ ತಿರುಳು ಕಾಣೋವರೆಗೂ ಕೆತ್ತಿ ತೆಗೀರಿ, ಅರ್ಧ ಬಿಟ್ರೆ ಅಲ್ಲಿಂದಲೇ ಮತ್ತೆ ಹಬ್ಬುತ್ತೆ. ಬೇರು ಹೊರಡೋ ಕೆಳಗಿನ ಚಪ್ಪಟೆ ಬುಡ ಗಟ್ಟಿಯಾಗಿದ್ರೆ ಭಯ ಇಲ್ಲ, ಅದೇ ಮೆತ್ತಗಾಗಿದ್ರೆ ಮಾತ್ರ ಕಷ್ಟ. ಕತ್ತರಿಸಿದ ಜಾಗಕ್ಕೆ ಗಂಧಕದ ಪುಡಿ ಹಚ್ಚಿ ನೆರಳಲ್ಲಿ ಗಾಳಿ ಆಡೋ ಕಡೆ ಕೆಲವು ದಿನ ಒಣಗ್ಲಿ, ಗಾಯ ಒಣಗಿ ಕಾಗದದ ಥರ ಆಗುತ್ತೆ. ಬಿಳೀ ಹತ್ತಿ ಥರ ಇರೋದು ಬಹುಶಃ ಹಿಟ್ಟು ತಿಗಣೆ ಅನ್ನೋ ರಸ ಹೀರೋ ಹುಳ, ಹತ್ತಿ ಉಂಡೆನ ಸ್ಪಿರಿಟ್‌ನಲ್ಲಿ ಅದ್ದಿ ಸಂದಿ ಸಂದಿ ಒರೆಸಿ.

ಮತ್ತೆ ನೆಡೋವಾಗ ಜಾಗ ಬದಲಾಯಿಸಿ. ಮಣ್ಣಿಗೆ ದಪ್ಪ ಮರಳು, ಕಾಂಪೋಸ್ಟ್ ಬೆರೆಸಿ, ಚಪ್ಪಟೆ ಬುಡ ಕೆಳಗೆ ಕತ್ತು ಮೇಲೆ. ಇನ್ನೊಂದು ಮುಖ್ಯವಾದ ವಿಷ್ಯ, ನೆಟ್ಟ ಜಾಗದಲ್ಲಿ ಒಂದು ಕಡ್ಡಿ ಗುರುತಿಡಿ. ಈ ಗೆಡ್ಡೆ ಏಳೋದೇ ತಡ, ಅಕ್ಕಪಕ್ಕದ ಗೆಡ್ಡೆಗಳೆಲ್ಲಾ ಚಿಗುರಿ ಸೆಖೆ ಶುರುವಾದ ಮೇಲೂ ಮಣ್ಣು ಬರಿದಾಗೇ ಇರುತ್ತೆ, ಸತ್ತಿದೆ ಅಂದ್ಕೊಂಡು ಗುದ್ದಲಿ ಹಾಕಿ ಗೆಡ್ಡೆ ಸೀಳಿರೋರು ಬಹಳ ಜನ. ಚಿಗುರಿನ ಮೂತಿ ಕಂಡ ಮೇಲೆ ನೀರು ಶುರು ಮಾಡಿ, ಎಲೆ ಎದ್ದ ಮೇಲೆ ಧಾರಾಳವಾಗಿ ಹಾಕಿ, ಆಗ ಇದಕ್ಕೆ ನಿಜವಾಗ್ಲೂ ಬಾಯಾರಿಕೆ ಜಾಸ್ತಿ. ಎಳೇ ಎಲೆಗೆ ಬಸವನಹುಳು ಬರುತ್ತೆ, ರಾತ್ರಿ ಟಾರ್ಚ್ ಹಿಡ್ಕೊಂಡು ಒಂದ್ಸಲ ನೋಡಿ.

ತೇವದ ಮಣ್ಣು:

ಒಂದೇ ಒಂದು ಮಾತು ಸೇರಿಸ್ತೀನಿ. ಚಳಿಗಾಲದಲ್ಲಿ ಒಣಗಿಸ್ಬೇಕು ಅನ್ನೋದು ಸಾಮಾನ್ಯವಾಗಿ ಸಿಗೋ ಎಲ್ಲಾ ಜಾತಿಗೂ ಸರಿ, ಆದ್ರೆ ಯೂಕೊಮಿಸ್ ರೀಜಿಯಾ ಅಂತ ಒಂದಿದೆ, ಅದು ದಕ್ಷಿಣ ಆಫ್ರಿಕಾದಲ್ಲೇ ಚಳಿಗಾಲದಲ್ಲಿ ಮಳೆ ಬರೋ ಕೇಪ್ ಪ್ರದೇಶದ ಕಡೆಯದು, ಚಳಿಯಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುತ್ತೆ. ಯಾರಾದ್ರೂ ಅದನ್ನ ತಂದಿದ್ರೆ ಮೇಲೆ ಹೇಳಿರೋದನ್ನ ತಿರುಗಿಸಿ ಮಾಡ್ಬೇಕು. ಯಾವುದು ಅಂತ ಗೊತ್ತಿಲ್ದಿದ್ರೆ ಕ್ಯಾಲೆಂಡರ್ ನೋಡೋದು ಬಿಟ್ಟು ಎಲೆ ನೋಡಿ, ಎಲೆ ಹಸಿರಿದ್ರೆ ನೀರು, ಎಲೆ ಹೋದ್ರೆ ನೀರಿಲ್ಲ.

ಕುಂಡದ ಗಿಡ:

ಕೆತ್ತಿ ನೋಡ್ದೆ ಸರ್, ಎರಡು ಪದರ ದಾಟಿದ ಮೇಲೆ ಅಚ್ಚ ಬಿಳೀ ತಿರುಳು ಸಿಕ್ತು, ಬುಡನೂ ಗಟ್ಟಿ ಇದೆ. ಪುಡಿ ಹಚ್ಚಿ ಜಾಲರಿ ಬುಟ್ಟಿಯಲ್ಲಿ ನೆರಳಿಗೆ ಇಟ್ಟಿದ್ದೀನಿ, ಮರಿಗೆ ಮೂರು ಬೇರಿದೆ. ಉಳಿದ ಎರಡಕ್ಕೂ ಕಡ್ಡಿ ನೆಟ್ಟು ಹೆಸ್ರು ಬರೆದಿದ್ದಾಯ್ತು, ಕುಂಡನ ಒಳಗೆ ತಂದಿಟ್ಟು ಮನೆಯವರಿಗೆಲ್ಲಾ ಇದಕ್ಕೆ ನೀರು ಹಾಕ್ಬೇಡಿ ಅಂತ ಹೇಳಿದ್ದೀನಿ. ಚಿಗುರು ಬಂದ ದಿನ ಇಲ್ಲೇ ಫೋಟೋ ಹಾಕ್ತೀನಿ.