10 ಡಿಗ್ರಿ ಕ್ವಿಲ್ಟ್ ಇದ್ರೂ ಶಿರಸಿ ಕಡೆ ರಾತ್ರಿಯಿಡೀ ನಡುಗಿದೆ, ಎಲ್ಲಿ ತಪ್ಪಾಯ್ತು?

ಕಾಳಿದಂಡೆ:
ನಾನು ಕಾರವಾರದವನು, ಕ್ಯಾಂಪಿಂಗ್ ಹುಚ್ಚು ಹಿಡಿದು ಎರಡು ವರ್ಷ ಆಯ್ತು. ಬೈಕಲ್ಲಿ ತಿರುಗೋದಲ್ವಾ, ಭಾರ ಕಮ್ಮಿ ಇರ್ಲಿ ಅಂತ ಒಂದು ಸಮ್ಮರ್ ಕ್ವಿಲ್ಟ್ (ಸ್ಲೀಪಿಂಗ್ ಬ್ಯಾಗ್ ಬದ್ಲು ಮೇಲೆ ಹೊದ್ಕೊಳ್ಳೋ ರಜಾಯಿ) ತಗೊಂಡಿದ್ದೆ, ಬಾತುಕೋಳಿ ಪುಕ್ಕ ತುಂಬಿದ್ದು, 500 ಗ್ರಾಂ ಚಿಲ್ರೆ, ಚೀಲಕ್ಕೆ ತುರುಕಿದ್ರೆ ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮೇಲೆ 10 ಡಿಗ್ರಿ ಅಂತ ದೊಡ್ಡದಾಗಿ ಬರ್ದಿದೆ, ಅಷ್ಟು ಚಳಿವರೆಗೆ ಸಾಕು ಅಂತ. ನಮ್ಮ ಸಮುದ್ರದ ಬದಿಗೆ ಇದನ್ನೇ ಹೊದ್ಕೊಂಡು ಎಷ್ಟೋ ರಾತ್ರಿ ಮಲಗಿದ್ದೇನೆ, ಡಿಸೆಂಬರಲ್ಲೂ ಸೆಕೆ ಆಗಿ ಕಾಲು ಹೊರಗೆ ಹಾಕಿದ್ದುಂಟು.

ಮೊನ್ನೆ ಶನಿವಾರ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಹತ್ರ ಗೆಳೆಯನ ಊರಿಗೆ ಹೋಗಿದ್ದೆ. ಅವ್ರ ಮನೇಲಿ ಅಡಕೆ ಗೊನೆ ಕೊಯ್ಲು, ಜನ ತುಂಬಿದ್ರು, ಅದಕ್ಕೆ ತೋಟದ ಕೆಳಗೆ ಕೊಯ್ದು ಖಾಲಿಯಾದ ಗದ್ದೇಲಿ ಟೆಂಟ್ ಹಾಕ್ದೆ. ಒಂಬತ್ತಕ್ಕೆ ಮಲಗುವಾಗ ಎಲ್ಲಾ ಚೊಲೋ ಇತ್ತು. ಎರಡು ಗಂಟೆಗೆ ಎಚ್ಚರ ಆಯ್ತು ನೋಡಿ, ಬೆನ್ನಿನ ಕೆಳಗೆ ಯಾರೋ ಐಸ್ ಇಟ್ಟ ಹಾಗೆ. ಆಮೇಲೆ ನಿದ್ದೆ ಇಲ್ಲ. ಬ್ಯಾಗಿಗೆ ಸಿಕ್ಕಿಸಿದ ಥರ್ಮಾಮೀಟರ್ ಬೆಳಗಿನ ಜಾವ 12 ತೋರಿಸ್ತಿತ್ತು. ಟೆಂಟ್ ಒಳಗಿಂದ ನೀರು ತೊಟ್ಟಿಕ್ತಿತ್ತು, ಕ್ವಿಲ್ಟಿನ ಕಾಲಿನ ಕಡೆ ಒದ್ದೆ. 10 ಡಿಗ್ರಿದು 12ಕ್ಕೇ ಯಾಕೆ ಕೈಕೊಡ್ತು? ಇನ್ನೊಂದು ದಪ್ಪದ್ದು ತಗೊಳ್ಳೂದಾ? ಹಂಗಂದ್ರೆ ಮನೇಲಿ ನನ್ನನ್ನೇ ಹೊರಗೆ ಹಾಕ್ತಾರೆ.

ಸೊಪ್ಪಿನಬೆಟ್ಟ:
ಘಟ್ಟದ ಕೆಳಗಿನವ್ರು ಡಿಸೆಂಬರಲ್ಲಿ ಮೇಲೆ ಬಂದ್ರೆ ಹೀಗೇ ಆಗೂದು ಮಾರಾಯ್ರೆ 😄 ನಿಮ್ಗೆ ಪಕ್ಕದಲ್ಲೇ ಸಮುದ್ರ, ರಾತ್ರಿ ನೆಲ ತಣ್ಣಗಾಗಲಿಕ್ಕೆ ಬಿಡೂದೇ ಇಲ್ಲ. ನಮ್ದು ಹೆಚ್ಚುಕಮ್ಮಿ 600 ಮೀಟರ್ ಎತ್ತರ, ಆಕಾಶ ಸ್ವಚ್ಛ ಇದ್ದ ದಿನ ಕತ್ತಲಾದ ಮೇಲೆ ಚಳಿ ಇಳಿಯೂದೇ ಇಳಿಯೂದು.

ಆದ್ರೆ ಕ್ವಿಲ್ಟಿಗೆ ಬೈಬೇಡಿ, ನೀವು ಇಡೀ ಊರಲ್ಲಿ ಹುಡುಕಿ ಅತ್ಯಂತ ಚಳಿ ಇರೋ ಜಾಗಕ್ಕೇ ಹೋಗಿ ಮಲಗಿದ್ದೀರಿ. ನಮ್ಮಲ್ಲಿ ಎರಡು ಬೆಟ್ಟದ ನಡುವಿನ ತಗ್ಗಿನಲ್ಲಿ ತೋಟ, ಅದ್ರಿಂದ ಕೆಳಗೆ ಗದ್ದೆ. ತಣ್ಣಗಾದ ಗಾಳಿ ಭಾರ, ಅದು ರಾತ್ರಿ ನೀರು ಹರಿದ ಹಾಗೆ ಬೆಟ್ಟದಿಂದ ಇಳಿದು ಗದ್ದೇಲಿ ಬಂದು ನಿಲ್ತದೆ. ಬೆಳಿಗ್ಗೆ ಮಂಜು ಎಲ್ಲಿ ಕೂತಿರ್ತದೆ ನೋಡಿ, ಅದೇ ಜಾಗ. ಇಪ್ಪತ್ತು ಮೂವತ್ತು ಅಡಿ ಮೇಲೆ, ಬೆಟ್ಟದ ಬುಡದಲ್ಲಿ ಮರದ ನೆರಳಿಗೆ ಹಾಕಿದ್ರೆ ನಿಮ್ಗೇ ವ್ಯತ್ಯಾಸ ಗೊತ್ತಾಗ್ತಿತ್ತು. ಮೇಲೆ ಮರ ಇದ್ರೆ ಇಬ್ಬನಿಯೂ ಕಮ್ಮಿ, ಬಯಲಲ್ಲಿ ಟೆಂಟಿನ ಬಟ್ಟೆ ಸೀದಾ ಆಕಾಶಕ್ಕೆ ಮುಖ ಮಾಡಿರ್ತದೆ, ಶಾಖ ಎಲ್ಲಾ ಬಿಟ್ಕೊಟ್ಟು ಗಾಳಿಗಿಂತ ತಣ್ಣಗಾಗಿ ನೀರು ಕೂರ್ತದೆ. ಹಂಗಂತ ಅಡಕೆ ಮರದ ಕೆಳಗೆ ಮಲಗಬೇಡಿ, ಸೋಗೆ ಬಿದ್ರೆ ಚಳಿ ಸಮಸ್ಯೆ ಶಾಶ್ವತ ಪರಿಹಾರ ಆಗ್ತದೆ.

ಅದಿರ್ಲಿ, ಕೆಳಗೆ ಎಂತ ಹಾಸಿದ್ರಿ? ಅದನ್ನ ಹೇಳ್ಲೇ ಇಲ್ಲ.

ಕಾಳಿದಂಡೆ:
ಗಾಳಿ ತುಂಬೋ ಬೆಡ್. ನಾಲ್ಕು ಇಂಚು ದಪ್ಪ ಇದೆ, ಮೆತ್ತಗೆ ಚೊಲೋ ಇದೆ, ಅದ್ರಲ್ಲೇನೂ ತೊಂದ್ರೆ ಇಲ್ಲ ಅನಿಸ್ತದೆ.

ಹೆಗಲಚೀಲ:
ಅದ್ರಲ್ಲೇ ತೊಂದ್ರೆ ಇರೋದು ಸಾರ್. ಬೆನ್ನಿಗೆ ಐಸ್ ಅಂದಾಗ್ಲೇ ನಂಗೆ ಡೌಟ್ ಬಂತು. ಒಳಗೆ ಏನೂ ತುಂಬದ ಬರೀ ಗಾಳಿ ಬೆಡ್ಡಲ್ಲಿ ಆ ಗಾಳಿ ಸುಮ್ನೆ ಕೂತಿರಲ್ಲ, ನೀವು ಮಗ್ಗುಲು ಬದಲಿಸಿದಾಗೆಲ್ಲ ಒಳಗೇ ಓಡಾಡ್ತಾ ನಿಮ್ಮ ಮೈ ಶಾಖ ತಗೊಂಡು ಹೋಗಿ ನೆಲಕ್ಕೆ ಕೊಡ್ತದೆ. ನಾಲ್ಕು ಇಂಚು ಗಾಳಿಗಿಂತ ಅರ್ಧ ಇಂಚು ಫೋಮ್ ಮ್ಯಾಟ್ ಬೆಚ್ಚಗೆ, ನಂಬಿ. ಕ್ವಿಲ್ಟಿಗೆ ಕೆಳಭಾಗವೇ ಇಲ್ಲ ಅನ್ನೋದು ನೆನಪಿಡಿ. ಇರಲ್ಲ ಯಾಕಂದ್ರೆ ಸ್ಲೀಪಿಂಗ್ ಬ್ಯಾಗಲ್ಲೂ ನಾವು ಮೇಲೆ ಮಲಗಿ ಒತ್ತಿದ ಪುಕ್ಕ ಅಪ್ಪಚ್ಚಿ ಆಗಿ ಕೆಲಸಕ್ಕೆ ಬರಲ್ಲ, ಸುಮ್ನೆ ಭಾರ ಅಂತ ಅದನ್ನ ತೆಗೆದುಹಾಕಿದ್ದಾರೆ. ಅಂದ್ರೆ ಕ್ವಿಲ್ಟ್ ತಗೊಂಡವನು ಹಾಸಿಗೆಗೆ ಖರ್ಚು ಮಾಡ್ಲೇಬೇಕು.

ಇನ್ನು ಆ 10 ಡಿಗ್ರಿ. ಐಎಸ್‌ಒ ಅನ್ನೋ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಸ್ಲೀಪಿಂಗ್ ಬ್ಯಾಗ್ ಟೆಸ್ಟ್ ಮಾಡಿದ್ರೆ ಕಂಫರ್ಟ್, ಲಿಮಿಟ್ ಅಂತ ಬೇರೆ ಬೇರೆ ಬರ್ತದೆ. ಲಿಮಿಟ್ ಅಂದ್ರೆ ಗಂಡಸು ಮುದುರಿಕೊಂಡು ಮಲಗಿ ಅಂತೂ ರಾತ್ರಿ ಕಳೀಬಹುದು ಅನ್ನೋ ಲೆಕ್ಕ, ಆರಾಮ ನಿದ್ದೆ ಬೇಕಂದ್ರೆ ಅದಕ್ಕೆ ನಾಲ್ಕೈದು ಡಿಗ್ರಿ ಸೇರಿಸ್ಕೊಳ್ಳಿ. ಟೆಸ್ಟ್ ಮಾಡುವಾಗ ಮನುಷ್ಯನ ಬದ್ಲು ಮಲಗಿಸೋ ಗೊಂಬೆಗೆ ಒಳಬಟ್ಟೆ ಹಾಕಿ, ಕೆಳಗೆ ಮ್ಯಾಟ್ ಹಾಸಿರ್ತಾರೆ. ಬಹಳ ಕ್ವಿಲ್ಟುಗಳಿಗೆ ಆ ಟೆಸ್ಟೂ ಇಲ್ಲ, ಮಾರೋರು ಅಂದಾಜಲ್ಲಿ ಬರೆಯೋದು. ನಿಮ್ದು ನಿಜವಾಗಿ 15ರ ಕ್ವಿಲ್ಟ್ ಅಂದ್ಕೊಳ್ಳಿ.

ಅಗ್ಗಿಷ್ಟಿಕೆ:
ಇಷ್ಟೆಲ್ಲ ಸೈನ್ಸ್ ಬೇಡ. ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಬಿದ್ದಿರ್ತದೆ, ಎರಡು ಬುಟ್ಟಿ ಗುಡಿಸಿ ತಂದು ಟೆಂಟ್ ಕೆಳಗೆ ಹಾಸಿ, ಒಂದು ಮಣ್ಣಿನ ಕುಡಿಕೇಲಿ ಕೆಂಡ ಹಾಕಿ ಮೂಲೇಲಿ ಇಟ್ಕೊಳ್ಳಿ. ನಮ್ಮಜ್ಜ ಎಲ್ಲಾ ಹಾಗೇ ಇದ್ದಿದ್ದು.

ಸೊಪ್ಪಿನಬೆಟ್ಟ:
ಅಗ್ಗಿಷ್ಟಿಕೆಯವ್ರೇ, ಅಜ್ಜ ಮಲಗಿದ್ದು ಹಂಚಿನ ಮನೆ ಜಗಲೀಲಿ, ಗಾಳಿ ಆಡ್ತಿತ್ತು. ಜಿಪ್ ಹಾಕಿದ ಟೆಂಟಲ್ಲಿ ಕೆಂಡ ಇಟ್ರೆ ಕಾರ್ಬನ್ ಮಾನಾಕ್ಸೈಡ್, ವಾಸನೆ ಇಲ್ಲ, ಗೊತ್ತಾಗೂದಿಲ್ಲ, ಬೆಳಿಗ್ಗೆ ಏಳೂದೂ ಇಲ್ಲ. ಸ್ಟೋವ್ ಕೂಡ ಒಳಗೆ ಹಚ್ಚಬೇಡಿ.

ದರಕಿನ ಮಾತು ಹತ್ತು ವರ್ಷ ಹಿಂದೆ ಆಗಿದ್ರೆ ನಾನೂ ಹೇಳ್ತಿದ್ದೆ. ಈಗ ಹೇಳೂದಿಲ್ಲ. ಒಣ ಎಲೆಯಲ್ಲೇ ಉಣುಗು (ರಕ್ತ ಹೀರೋ ಸಣ್ಣ ಹುಳ) ಇರೂದು, ಅದು ಕಚ್ಚಿದ್ರೇ ಮಂಗನ ಕಾಯಿಲೆ ಬರೂದು, ಅದ್ರ ಸೀಸನ್ ಶುರುವಾಗೂದೂ ಡಿಸೆಂಬರ್ ಹೊತ್ತಿಗೇ, ಬೇಸಿಗೆ ಮುಗಿಯೂವರೆಗೂ ಇರ್ತದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದ್ಲು ಕಂಡಿದ್ದು, ನಮ್ಮ ಸಿದ್ದಾಪುರ ಕಡೆ ಈಗ್ಲೂ ಜನ ಸಾಯ್ತಾರೆ, ತಮಾಷೆ ಅಲ್ಲ. ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಇದ್ದ ಕಾಡಿಗೆ ಕಾಲೇ ಇಡ್ಬೇಡಿ, ಬೇರೆ ಕಡೆ ಆದ್ರೂ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೆಪಾ ಎಣ್ಣೆ ಹಚ್ಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೀರಿ. ಬೆಟ್ಟದ ಬುಡ ಅಂತ ನಾನು ಹೇಳಿದ್ದೂ ಗುಡಿಸಿ ಚೊಕ್ಕ ಮಾಡಿದ ಕಣ, ಅಂಗಳದಂಥ ಜಾಗ, ಎಲೆ ರಾಶಿ ಮೇಲಲ್ಲ. ಹಾಸಲಿಕ್ಕೆ ಬಣವೆಯಿಂದ ಒಣ ಭತ್ತದ ಹುಲ್ಲು ಕೇಳಿ ತಗೊಳ್ಳಿ, ಒಂದು ಗೇಣು ದಪ್ಪ ಹಾಕಿ ಮೇಲೆ ತಾಡಪತ್ರಿ. ಕೊಟ್ಟಿಗೆಗೆ ವಾಪಸ್ ಕೊಟ್ರೆ ದನವೂ ಖುಷಿ.

ಯಲ್ಲಾಪುರದಕ್ಕ:
ನಾನು ಕೌದಿ ಒಯ್ಯುತ್ತೇನೆ. ನಮ್ಮ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಸೀರೆ ಪದರ ಪದರ ಇಟ್ಟು ಕೈಯಲ್ಲೇ ಹೊಲೀತಾರೆ, ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ನೋಡ್ಲಿಕ್ಕೇ ಚಂದ. ಮೇಲೆ ಹೊದೀಲಿಕ್ಕೆ ಭಾರ ಆಗ್ತದೆ, ಕೆಳಗೆ ಹಾಸಿದ್ರೆ ನೆಲದ ಚಳಿ ಹತ್ತೂದಿಲ್ಲ. ಆದ್ರೆ ಹತ್ತಿ ಬಟ್ಟೆ ಅಲ್ವಾ, ಪಸೆ ಎಳ್ಕೊಳ್ತದೆ, ಅಡಿಗೆ ಪ್ಲಾಸ್ಟಿಕ್ ಬೇಕೇ ಬೇಕು. ಬೆನ್ನ ಮೇಲೆ ಹೊತ್ತು ನಡೆಯೋರಿಗೆ ಆಗೂದಿಲ್ಲ, ತಮ್ಮಾ ನಿಂಗೆ ಬೈಕ್ ಇದೆಯಲ್ಲ.

ಮಲಗೂ ಮುಂಚೆ ಸ್ಟೀಲ್ ಬಾಟ್ಲಿಗೆ ಬಿಸಿನೀರು ತುಂಬಿ, ಮುಚ್ಚಳ ಗಟ್ಟಿ ಮಾಡಿ, ಕಾಲುಚೀಲದೊಳಗೆ ಹಾಕಿ ಕಾಲ ಹತ್ರ ಇಟ್ಕೋ. ಬೆವರಿದ ಬನಿಯನ್ ಹಾಕ್ಕೊಂಡೇ ಮಲಗೂ ಅಭ್ಯಾಸ ಇದ್ರೆ ಬಿಡು, ಒಣ ಬಟ್ಟೆ, ಟೋಪಿ. ಬಾಯಿ ಮೂಗು ಕ್ವಿಲ್ಟ್ ಒಳಗೆ ಸೇರಿಸ್ಬೇಡ, ಉಸಿರಿನ ನೀರೆಲ್ಲ ಪುಕ್ಕಕ್ಕೇ ಹೋಗೂದು.

ಹೆಗಲಚೀಲ:
ಅಕ್ಕ ಹೇಳಿದ್ದು ಸರಿ. ಪುಕ್ಕ ಒದ್ದೆ ಆದ್ರೆ ಉಬ್ಬು ಹೋಗಿ ಬರೀ ಬಟ್ಟೆ ಉಳೀತದೆ. ಟೆಂಟಿನ ಎರಡೂ ಕಡೆ ಕಿಂಡಿ ತೆರೆದಿಡಿ, ಚಳಿ ಅಂತ ಮುಚ್ಚಿದ್ರೇನೇ ಒಳಗೆ ಮಳೆ. ಕ್ವಿಲ್ಟಿನ ಕಾಲು ಟೆಂಟ್ ಗೋಡೆಗೆ ತಾಗದ ಹಾಗೆ ರೇನ್‌ಕೋಟ್ ಹೊದಿಸಿ.

ಕಾಳಿದಂಡೆ:
ಅಪ್ಡೇಟ್. ನಿನ್ನೆ ಮತ್ತೆ ಅಲ್ಲಿಗೇ ಹೋಗಿದ್ದೆ, ಬೇಕಂತಲೇ ಅದೇ ಕ್ವಿಲ್ಟ್ ಒಯ್ದಿದ್ದೆ. ಮನೆ ಹಿಂದಿನ ಕಣದ ಮೂಲೇಲಿ ಹಲಸಿನ ಮರದ ಕೆಳಗೆ ಹುಲ್ಲು, ತಾಡಪತ್ರಿ, ಫೋಮ್ ಮ್ಯಾಟ್. ಗೆಳೆಯನ ಆಯಿ ಹುಲ್ಲು ಹೊರೋದು ನೋಡಿ "ಮನೇಲಿ ಹಾಸಿಗೆ ಇದ್ದು, ಹೊರಗೆ ಎಂತಕ್ಕೆ ಮಲಗ್ತ್ರಾ" ಅಂತ ನಕ್ಕಿದ್ದೇ ನಕ್ಕಿದ್ದು. ಥರ್ಮಾಮೀಟರ್ 13. ಬೆನ್ನು ಬೆಚ್ಚಗೆ, ಟೆಂಟ್ ಒಣಗಿತ್ತು, ಬಾಟ್ಲಿ ಬೆಳಿಗ್ಗೆವರೆಗೂ ಉಗುರು ಬೆಚ್ಚಗಿತ್ತು. ಒಂದೇ ತೊಂದ್ರೆ, ಮಗ್ಗುಲು ತಿರುಗಿದಾಗೆಲ್ಲ ಕ್ವಿಲ್ಟಿನ ಅಂಚು ಎದ್ದು ಗಾಳಿ ನುಗ್ತದೆ. ನಾಲ್ಕು ಸಲ ಎಚ್ಚರ ಆಯ್ತು.

ಹೆಗಲಚೀಲ:
ಅಂಚಲ್ಲಿ ಕುಣಿಕೆ ಇರ್ತದೆ ನೋಡಿ, ಮ್ಯಾಟ್ ಸುತ್ತ ಎಲಾಸ್ಟಿಕ್ ಪಟ್ಟಿ ಹಾಕಿ ಅದಕ್ಕೆ ಸಿಕ್ಕಿಸಬೇಕು. ಡಬ್ಬಿ ಒಳಗೇ ಕೊಟ್ಟಿರ್ತಾರೆ.

ಕಾಳಿದಂಡೆ:
ಅಯ್ಯೋ. ಅದು ಚೀಲ ಕಟ್ಟೋ ಹಗ್ಗ ಅಂತ ಬೈಕಿಗೆ ಕಟ್ಟಿದ್ದೇನೆ.