ಹೊಸ ಚೈನ್ ಹಾಕಿದ್ಮೇಲೆ ಹಾರ್ತಿದೆ, ಕೈ ಜೋಮು ಹಿಡೀತದೆ: ಮೊದಲು ಏನು ಬದಲಿಸ್ಲಿ?

ನಾಲೆ_ಏರಿ
ಸೈಕಲ್ 29 ಇಂಚಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್), ಗೇರ್ ಸೆಟ್ 2×9 ಶಿಮಾನೊ ಆಲ್ಟಸ್, ಅಂದ್ರೆ ಮುಂದೆ 2, ಹಿಂದೆ 9. ಮುಂದೆ 36/22 ಹಲ್ಲು, ಹಿಂದೆ 11-36 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ). ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಬೇರೆ ಕಂಪನಿದು, ಚೌಕ ಆಕ್ಸಲ್. ಫೋರ್ಕ್ ಸನ್‌ಟೂರ್ ಎಕ್ಸ್‌ಸಿಎಂ, 100 ಎಂಎಂ. ಟೈರ್ 2.25, ಒಳಗೆ ಟ್ಯೂಬ್. ನನ್ನ ತೂಕ 74 ಕೆಜಿ. ಓಡಿಸೋದು ಮಂಡ್ಯ ಸುತ್ತಮುತ್ತ ವಿ.ಸಿ. ನಾಲೆ ಏರಿ ಮೇಲೆ, ಭಾನುವಾರ ಕರಿಘಟ್ಟ ಇಲ್ಲಾ ಚಾಮುಂಡಿ ಬೆಟ್ಟ.

ಹಳೇ ಚೈನ್ ಸವೆದಿತ್ತು ಅಂತ ಹೊಸದು ಹಾಕ್ಸಿದೆ. ಈಗ ಹಿಂದಿನ 15 ಮತ್ತು 17 ಹಲ್ಲಿನ ಗೇರಲ್ಲಿ ಜೋರಾಗಿ ತುಳಿದ್ರೆ ಕಟಕ್ ಅಂತ ಹಾರ್ತದೆ, ಮಿಕ್ಕ ಗೇರಲ್ಲಿ ಇಲ್ಲ. ಏರು ಹತ್ತುವಾಗ ಕ್ರ್ಯಾಂಕ್ ಕಡೆಯಿಂದ ಕಿರ್ ಕಿರ್ ಸದ್ದು ಬೇರೆ. ಅರ್ಧ ಗಂಟೆ ಆದ್ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು. ಪಂಕ್ಚರ್ ಅಂತೂ ಕೇಳ್ಬೇಡಿ. ಏರ್ ಫೋರ್ಕ್ (ಗಾಳಿ ಒತ್ತಡದ ಸಸ್ಪೆನ್ಷನ್) ಹಾಕಿ 1× (ಮುಂದೆ ಒಂದೇ ಹಲ್ಲುಚಕ್ರ) ಮಾಡಿಬಿಡು ಅಂತಾರೆ ಸ್ನೇಹಿತರು. ದುಡ್ಡು ಅಲ್ಲಿ ಹಾಕ್ಲಾ?

ಸ್ಪೋಕ್_ಕೀಲಿ
ಎರಡೇ ಗೇರಲ್ಲಿ, ಅದೂ ಬಲ ಹಾಕಿದಾಗ ಮಾತ್ರ ಹಾರ್ತದೆ ಅಂದ್ರೆ ಕ್ಯಾಸೆಟ್ ಹಲ್ಲು ಸವೆದಿದೆ. ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಎಷ್ಟು ತಿರುಗಿಸಿದ್ರೂ ಹೋಗಲ್ಲ. ಹಳೇ ಚೈನ್ ಹಿಗ್ಗಿದ ಅಳತೆಗೆ ಆ ಹಲ್ಲುಗಳೂ ಸವೆದುಕೊಂಡಿರ್ತವೆ, ಹೊಸ ಚೈನಿನ ರೋಲರ್ ಅದರ ಬುಡದಲ್ಲಿ ಕೂರಲ್ಲ, ಹಲ್ಲಿನ ಇಳಿಜಾರು ಹತ್ತಿ ಜಾರ್ತದೆ. 15, 17 ನೀವು ಸದಾ ಇರೋ ಗೇರು, ಅದಕ್ಕೇ ಅವು ಮೊದಲು ಹೋಗಿರೋದು.

ಖಾತ್ರಿ ಮಾಡ್ಕೊಳ್ಳಿ. ಪೆಡಲ್ ನಿಧಾನ ಹಿಂದಕ್ಕೆ ತಿರುಗಿಸ್ತಾ ಡಿರೇಲರ್‌ನ ಪುಟ್ಟ ಚಕ್ರಗಳನ್ನ ನೋಡಿ. ಒಂದು ಕೊಂಡಿ ಬಂದಾಗಷ್ಟೇ ಡಿರೇಲರ್ ಕುಪ್ಪಳಿಸಿದ್ರೆ ಅದು ಬಿಗಿ ಕೊಂಡಿ, ಆಗ ಎಲ್ಲಾ ಗೇರಲ್ಲೂ ಹಾರ್ತಿತ್ತು. ಅಕ್ಕಪಕ್ಕದ ಗೇರಿಗೆ ತಾನೇ ಹೋಗಿ ಬಂದ್ರೆ ಕೇಬಲ್ ಇಲ್ಲಾ ಬಾಗಿದ ಹ್ಯಾಂಗರ್ (ಫ್ರೇಮಿಗೆ ಡಿರೇಲರ್ ತೂಗುಹಾಕೋ ತುಂಡು). ನಿಮ್ಮದು ಎರಡೂ ಅಲ್ಲ.

9 ಸ್ಪೀಡಿನ ಹೈಪರ್‌ಗ್ಲೈಡ್ ಕ್ಯಾಸೆಟ್ ತಗೊಳ್ಳಿ, 11-36 ಸಾಕು. ಅಂಗಡಿಯವರು ಶಿಮಾನೊದ ಕ್ಯೂಸ್ ಸರಣಿಯ 9 ಸ್ಪೀಡ್ ಕೊಟ್ರೆ ಬೇಡ ಅನ್ನಿ. ಹಲ್ಲುಚಕ್ರಗಳ ನಡುವಿನ ಅಂತರ ಬೇರೆ, ಆಲ್ಟಸ್ ಶಿಫ್ಟರ್‌ಗೆ ಹೊಂದಲ್ಲ.

ಮುಂದೆ ಚೈನ್ ಅಳೀತಾ ಇರಿ. ಸ್ಟೀಲ್ ಸ್ಕೇಲ್ ಸಾಕು: ಒಂದು ಪಿನ್ನಿನ ನಡುವಿಂದ 24 ಪಿನ್ ದಾಟಿದ್ರೆ ಸರಿಯಾಗಿ 12 ಇಂಚು. ಅರ್ಧ ನೂಲು, ಅಂದ್ರೆ 1/16 ಇಂಚು ಜಾಸ್ತಿ ಬಂತು ಅಂದ್ರೆ ಚೈನ್ ಬದಲಿಸೋ ಹೊತ್ತು. ಒಂದು ನೂಲು, 1/8 ಇಂಚು ತನಕ ಬಿಟ್ರೆ ಕ್ಯಾಸೆಟ್ಟನ್ನೂ ಜೊತೆಗೆ ಕರ್ಕೊಂಡು ಹೋಗ್ತದೆ.

ಒಂಟಿ_ರಿಂಗ್
ಕ್ಯಾಸೆಟ್ ಹೇಗೂ ಬದಲಿಸ್ತೀರಲ್ಲ, 1× ಮಾಡೋಕೆ ಇದೇ ಸಮಯ ಅಲ್ವಾ? ಮುಂದೆ 32, ಹಿಂದೆ 11-42. ಮುಂದಿನ ಡಿರೇಲರ್ ಕಾಟ ತಪ್ತದೆ. ನಾಲೆ ಏರಿ ಮೇಲೆ ಕಬ್ಬಿನ ಸೋಗೆ ಸಿಕ್ಕಿಕೊಳ್ಳೋ ಜಾಗಾನೂ ಒಂದು ಕಮ್ಮಿ.

ಸ್ಪೋಕ್_ಕೀಲಿ
ಲೆಕ್ಕ ಹಾಕಿ ಗುರೂ. ಈಗಿನ ಎಲ್ಲಕ್ಕಿಂತ ಹಗುರ ಗೇರು 22/36 (ಮುಂದಿನ ಹಲ್ಲು ಭಾಗಿಸು ಹಿಂದಿನ ಹಲ್ಲು), ಅಂದ್ರೆ 0.61. ನೀವು ಹೇಳೋ 32/42 ಅಂದ್ರೆ 0.76. ನಿಮಿಷಕ್ಕೆ 60 ಸುತ್ತು ತುಳಿದ್ರೆ ಮೊದಲನೇದು ಗಂಟೆಗೆ ಸುಮಾರು 5 ಕಿ.ಮೀ., ಎರಡನೇದು 6ಕ್ಕಿಂತ ಜಾಸ್ತಿ. ಕರಿಘಟ್ಟದ ಕಲ್ಲು ದಾರೀಲಿ ಆ ವ್ಯತ್ಯಾಸ ಮಂಡಿಗೆ ಗೊತ್ತಾಗ್ತದೆ. ಆಲ್ಟಸ್ ಡಿರೇಲರ್ 42 ಹಲ್ಲು ನುಂಗಲ್ಲ, ಅಷ್ಟು ದೊಡ್ಡ ಗೇರಿಗೆ ಆಗೋದು ಬೇಕು, ಕ್ಲಚ್ (ಚೈನ್ ಕುಣಿಯದಂತೆ ಹಿಡಿಯೋ ವ್ಯವಸ್ಥೆ) ಇದ್ರೆ ಒಳ್ಳೇದು. ಅದಕ್ಕೆ ತಕ್ಕ ಶಿಫ್ಟರು, ಒಂದು ಹಲ್ಲು ಸಣ್ಣ, ಒಂದು ದಪ್ಪ ಇರೋ ನ್ಯಾರೋ-ವೈಡ್ ಚೈನ್‌ರಿಂಗು (ಮುಂದಿನ ಹಲ್ಲುಚಕ್ರ). ಇವರ ಚೈನ್‌ರಿಂಗ್ ರಿವೆಟ್ ಹೊಡೆದದ್ದಾದ್ರೆ ಕ್ರ್ಯಾಂಕೇ ಬದಲು. ಕ್ಯಾಸೆಟ್ ಒಂದರಲ್ಲಿ ಮುಗಿಯೋ ಕೆಲಸಕ್ಕೆ ಇಷ್ಟೆಲ್ಲ ಯಾಕೆ?

ಸೋಗೆ ವಿಷಯ ಮಾತ್ರ ನಿಜ. ಅದು ಹಿಂದಿನ ಡಿರೇಲರಲ್ಲೇ ಹೆಚ್ಚು ಸುತ್ಕೊಳ್ಳೋದು. ಸುತ್ತಿದ್ ತಕ್ಷಣ ತುಳಿಯೋದು ನಿಲ್ಲಿಸಿ. ಇನ್ನೊಂದು ಸುತ್ತು ಬಲವಂತ ಮಾಡಿದ್ರೆ ಹ್ಯಾಂಗರ್ ಬಾಗ್ತದೆ, ಕೆಲವೊಮ್ಮೆ ಡಿರೇಲರ್ ಕಡ್ಡಿ ಒಳಗೇ ಹೋಗ್ತದೆ. ಬೈಕಿಗೆ ಹೊಂದೋ ಹ್ಯಾಂಗರ್ ಒಂದು ಬ್ಯಾಗಲ್ಲಿ ಇರ್ಲಿ.

ರಸಮಟ್ಟ
ಜೋಮಿಗೆ ಫೋರ್ಕ್ ಬದಲಿಸೋಕೆ ಹೋಗ್ಬೇಡಿ. ಕಿರುಬೆರಳು, ಉಂಗುರದ ಬೆರಳು ಅಂದ್ರೆ ಅಂಗೈ ಬುಡದಲ್ಲಿ ಹಾದುಹೋಗೋ ಅಲ್ನಾರ್ ನರದ ಮೇಲೆ ಭಾರ ಬೀಳ್ತಿದೆ. ಮೊದಲು ಸೀಟಿನ ಮೇಲೆ ರಸಮಟ್ಟ ಇಡಿ. ಸೀಟಿನ ಮೂಗು ಕೆಳಗಿದ್ರೆ ಮೈ ಮುಂದಕ್ಕೆ ಜಾರ್ತದೆ, ಅದನ್ನ ತಡೆಯೋ ಕೆಲಸ ಅಂಗೈ ಪಾಲಿಗೆ. ಸಮ ಮಾಡಿ. ಎತ್ತರಕ್ಕೆ ಹಿಮ್ಮಡಿ ಲೆಕ್ಕ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಸೊಂಟ ವಾಲಬಾರದು. ಮಂಡಿ ಮುಂದೆ ನೋವಿದ್ರೆ ಸೀಟ್ ತಗ್ಗು, ಹಿಂದೆ ನೋವಿದ್ರೆ ಎತ್ತರ ಜಾಸ್ತಿ, ಸಾಮಾನ್ಯವಾಗಿ.

ಆಮೇಲೆ ಬ್ರೇಕ್ ಲಿವರ್. ಬೆರಳು ಲಿವರ್ ಮೇಲಿದ್ದಾಗ ಮಣಿಕಟ್ಟು ಮುಂಗೈ ಜೊತೆ ಒಂದೇ ನೇರಕ್ಕೆ ಬರ್ಬೇಕು. ಮಣಿಕಟ್ಟು ಮಡಿಸಿಕೊಂಡೇ ಗಂಟೆಗಟ್ಟಲೆ ಹಿಡಿದ್ರೆ ಎಷ್ಟು ದಪ್ಪ ಗ್ಲೌಸ್ ಹಾಕಿದ್ರೂ ಜೋಮು ಬರ್ತದೆ. ಆಮೇಲೂ ಹೋಗದಿದ್ರೆ ಸ್ಟೆಮ್ (ಹ್ಯಾಂಡಲ್ ಹಿಡಿಯೋ ತುಂಡು) ಕೆಳಗೆ ಒಂದು ಸ್ಪೇಸರ್ ಬಳೆ, ಇಲ್ಲಾ 20 ಎಂಎಂ ಗಿಡ್ಡ ಸ್ಟೆಮ್. ಒಂದು ಸಲಕ್ಕೆ ಒಂದೇ ಬದಲಾವಣೆ, ಸೀಟ್ ಆದ್ರೆ 5 ಎಂಎಂ. ಎಲ್ಲಾ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ.

ಏರ್ ಫೋರ್ಕ್ ಬೇಕೇ ಬೇಕು ಅಂದ್ರೆ ಫ್ರೇಮಿನ ಹೆಡ್‌ಟ್ಯೂಬ್ (ಫೋರ್ಕ್ ಕೂರೋ ಮುಂದಿನ ಕೊಳವೆ) ನೋಡಿ. ಹೊಸ ಫೋರ್ಕುಗಳು ಹೆಚ್ಚಾಗಿ ಟೇಪರ್ಡ್ ಸ್ಟೀರರ್ (ಕೆಳಗೆ ದಪ್ಪವಾಗೋ ಫೋರ್ಕಿನ ಕೊಳವೆ), 15 ಎಂಎಂ ಆಕ್ಸಲ್. ನಿಮ್ಮದು ನೇರ ಸ್ಟೀರರ್ ಫ್ರೇಮಾದ್ರೆ ಕೂರೋದೇ ಇಲ್ಲ, ಚಕ್ರದ ಹಬ್ ಕೂಡ ಬೇರೆ ಬೇಕಾದೀತು.

ನೆಗ್ಗಿಲು_ಮುಳ್ಳು
ಪಂಕ್ಚರ್ ಆದ ಟ್ಯೂಬ್ ಎಸೆಯೋ ಮುಂಚೆ ತೂತು ನೋಡಿ. ಪಕ್ಕಪಕ್ಕ ಎರಡು ಸೀಳಿದ್ರೆ ಗಾಳಿ ಕಮ್ಮಿಯಾಗಿ ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿದ್ದು. ಹೊರಮೈ ಕಡೆ ಸೂಜಿಮೊನೆಯಷ್ಟು ತೂತಾದ್ರೆ ಜಾಲಿ ಇಲ್ಲಾ ನೆಗ್ಗಿಲು. ನೆಗ್ಗಿಲು ಟೈರಲ್ಲೇ ಮುರಿದು ಕೂತಿರ್ತದೆ, ಬೆರಳಿಗೆ ಸಿಗಲ್ಲ. ಒಳಗೆ ಹತ್ತಿ ಸವರ್ಕೊಂಡು ಹೋಗಿ, ಎಳೆ ಎಲ್ಲಿ ಸಿಕ್ಕಿಕೊಳ್ತದೋ ಅಲ್ಲಿದೆ. ಅದನ್ನ ಕೀಳದೆ ಹೊಸ ಟ್ಯೂಬ್ ಹಾಕಿದ್ರೆ ಮತ್ತದೇ ಕಥೆ.

74 ಕೆಜಿಗೆ ಮಣ್ಣಿನ ದಾರೀಲಿ ಮುಂದೆ 28, ಹಿಂದೆ 32 ಪಿಎಸ್‌ಐ ಇಂದ ಶುರು ಮಾಡಿ. 40 ಹಾಕಿ ಓಡಿಸ್ತಿದ್ರೆ ಕೈ ಜೋಮಿಗೆ ಅದೂ ಪಾಲುದಾರ. ಬೆಟ್ಟದ ಟಾರು ರಸ್ತೆಗೆ 35 ಬಿಡಿ. ರಿಮ್ ಟ್ಯೂಬ್‌ಲೆಸ್ ರೆಡಿ ಅಲ್ಲದಿದ್ರೆ ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡೋಕೆ ಹೋಗ್ಬೇಡಿ, ಟೈರ್ ರಿಮ್ ಬಿಟ್ಟು ಬರಬಹುದು. ಸ್ಕೂಟರ್ ಥರದ ವಾಲ್ವ್ ಇರೋ ಟ್ಯೂಬ್ ತಗೊಂಡು, ವಾಲ್ವ್ ಪಿನ್ ಬಿಚ್ಚಿ 80 ಎಂಎಲ್ ಸೀಲೆಂಟ್ (ತೂತು ಮುಚ್ಚೋ ದ್ರವ) ಬಿಡಿ. ನಮ್ಮ ಬಿಸಿಲಿಗೆ ಮೂರು ತಿಂಗಳೊಳಗೇ ಗಟ್ಟಿಯಾಗಬಹುದು, ನೋಡ್ತಾ ಇರಿ.

ನಾಲೆ_ಏರಿ
ಸೀಟಿನ ಮೂಗು ನಿಜಕ್ಕೂ ಕೆಳಗಿದೆ, ಗಾಳಿ 42 ಇದೆ! ಕ್ಯಾಸೆಟ್ ಆರ್ಡರ್ ಮಾಡ್ದೆ. ಮನೇಲೇ ಹಾಕಬಹುದಾ? ಕಿರ್ ಕಿರ್ ಬಗ್ಗೆ ಯಾರೂ ಹೇಳ್ಲಿಲ್ಲ.

ಸ್ಪೋಕ್_ಕೀಲಿ
ಹಾಕಬಹುದು. ಶಿಮಾನೊ ಲಾಕ್‌ರಿಂಗ್ ಟೂಲ್, ಚೈನ್ ವಿಪ್ (ಚೈನ್ ತುಂಡಿರೋ ಹಿಡಿಕೆ) ಎರಡೂ ಬೇಕು. ಚೈನ್ ವಿಪ್ಪಲ್ಲಿ ಕ್ಯಾಸೆಟ್ ಹಿಡಿದು ಲಾಕ್‌ರಿಂಗನ್ನ ಎಡಕ್ಕೆ ತಿರುಗಿಸಿ. ಹೊಸದನ್ನ ಸೇರಿಸುವಾಗ ಹಬ್ಬಿನ ಮೇಲಿನ ಗೀರುಗಳಲ್ಲಿ ಒಂದರ ಅಗಲ ಮಾತ್ರ ಬೇರೆ ಇರ್ತದೆ, ಅದಕ್ಕೆ ಸರಿಯಾಗಿ ಜಾರಿಸಿ. ಲಾಕ್‌ರಿಂಗ್ 40 ಎನ್‌ಎಂ (ನ್ಯೂಟನ್ ಮೀಟರ್, ಬಿಗಿತದ ಅಳತೆ) ಬಿಗಿ ಮಾಡಿ, ಕರ ಕರ ಅಂತ ಸದ್ದು ಬರೋದು ಸಹಜ, ಹೆದರ್ಬೇಡಿ.

ಕಿರ್ ಕಿರ್‌ಗೆ ಅಗ್ಗದ್ದರಿಂದ ಹುಡುಕಿ. ಪೆಡಲ್ ಬಿಚ್ಚಿ ಥ್ರೆಡ್ ಒರೆಸಿ ಗ್ರೀಸ್ ಹಚ್ಚಿ (ಎಡ ಪೆಡಲ್ ಉಲ್ಟಾ ಥ್ರೆಡ್). ಸೀಟ್‌ಪೋಸ್ಟ್ ಅಲ್ಯೂಮಿನಿಯಮ್ ಆದ್ರೆ ಅದಕ್ಕೂ ಗ್ರೀಸ್. ಕೂತು ತುಳಿದಾಗ ಸದ್ದು ಬಂದು ನಿಂತು ತುಳಿದಾಗ ನಿಂತ್ರೆ ಕಳ್ಳ ಸೀಟ್ ಕಡೆಯವನೇ. ನಿಂತಾಗಲೂ ಬಂದ್ರೆ ಕ್ರ್ಯಾಂಕ್ ಬೋಲ್ಟ್, ಎರಡೂ ಕಡೆ 40 ಎನ್‌ಎಂ ಹತ್ತಿರ. ಎಡ ಕ್ರ್ಯಾಂಕ್ ಸಡಿಲ ಇದ್ದು ಓಡಿಸಿದ್ರೆ ಚೌಕ ರಂಧ್ರ ದುಂಡಗಾಗ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ. ಬಿಗಿ ಮಾಡಿಯೂ ಕ್ರ್ಯಾಂಕ್ ಅಡ್ಡಕ್ಕೆ ಅಲ್ಲಾಡಿದ್ರೆ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗೋ ಬೇರಿಂಗ್) ಹೋಗಿದೆ. ಅದನ್ನ ಬಿಚ್ಚುವಾಗ ಚೈನ್ ಕಡೆಯ ಕಪ್ ಉಲ್ಟಾ ಥ್ರೆಡ್ ಅನ್ನೋದು ನೆನಪಿರ್ಲಿ. ಇನ್ನು ವಾಟರ್ ಸರ್ವೀಸಿನ ಜೋರು ನೀರನ್ನ ಅಲ್ಲಿಗೂ ಹಬ್ಬಿಗೂ ನೇರ ಹೊಡೆಸ್ಬೇಡಿ, ಒಳಗಿನ ಗ್ರೀಸ್ ತೊಳೆದುಹೋಗ್ತದೆ.