ಹತ್ತು ಸಾವಿರದೊಳಗ ಹಳೇ ಐ3ಗೆ ಯಾವ ಪ್ರೊಸೆಸರ್? ಗೊತ್ತಿದ್ದವರು ಹೇಳ್ರಿ

ಕೇಳಿದವರು, ಕಲಬುರಗಿ:

ಮನ್ಯಾಗ ಒಂದು ಡೆಸ್ಕ್‌ಟಾಪ್ ಅದರಿ. ಐ3-6100, ಎಚ್110 ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಗಳು ಬಿಇ ಓದ್ತಾಳ, ಮೊಬೈಲ್ ಆ್ಯಪ್ ಬರೆಯೋ ಆಂಡ್ರಾಯ್ಡ್ ಸ್ಟುಡಿಯೋ ತೆಗೆದಳಂದ್ರ ಮಷಿನ್ ನಿಂತೇ ಬಿಡ್ತದ. ಸಂಜಿಗೆ ಅದ್ರಾಗೇ ನನ್ನ ಟ್ಯಾಲಿ, ನುಡಿ ಕೆಲಸ. ಬಜೆಟ್ 10,000 ರೂಪಾಯಿ. ಮೂರು ದಾರಿ ಕಾಣ್ತಾವ: ಹಳೇ ಐ7-7700 ಒಂದು ಸಿಗ್ತದ ಅಂತಾರ. ಇನ್ನೊಬ್ಬರು, ಐ5-8400 ಅದ, ಅದೂ 1151 ಸಾಕೆಟ್ಟೇ (ಬೋರ್ಡ್ ಮ್ಯಾಲ ಚಿಪ್ ಕುಂದರೋ ಜಾಗ), ಕಡಿಮಿ ರೇಟಿಗೆ ಕೊಡ್ತೀನಿ ಅಂತಾರ. ಮೂರನೇದು ಹೊಸ ಬೋರ್ಡ್ ಹಾಕಿ ಐ3-12100. ಯಾವುದು ತಗೊಳ್ಳಲಿ?

ಕಲಬುರಗಿ, ಬೋರ್ಡ್ ರಿಪೇರಿ ಕೆಲಸದವರು:

ಮೊದಲು ಆ 8400 ಬಿಡ್ರಿ, ನಿಮ್ಮ ಬೋರ್ಡಿಗೆ ಆಗಂಗಿಲ್ಲ. ಸಾಕೆಟ್ ಹೆಸರು ಎರಡಕ್ಕೂ 1151, ಚಿಪ್ ಕುಂದರ್ತದ ಸುದ್ಧಾ, ಆದ್ರ ಎಂಟನೇ ಜನರೇಶನ್‌ದಾಗ ಕರೆಂಟ್ ಕೊಡೋ ಪಿನ್‌ಗಳ ಜೋಡಣಿನೇ ಬದಲಾಗ್ಯದ. ಅದಕ್ಕ ಎಚ್310, ಬಿ360 ಇಂಥ 300 ಸರಣಿ ಬೋರ್ಡೇ ಬೇಕು. ಎಚ್110 ಮ್ಯಾಲ ಡಿಸ್ಪ್ಲೇ ಬರಂಗಿಲ್ಲ. ಈ ಸಾಕೆಟ್ ಹೆಸರಿನ ಗೊಂದಲದಾಗ ಎಷ್ಟೋ ಮಂದಿ ರೊಕ್ಕ ಕಳಕೊಂಡಾರ, ಅದಕ್ಕ ಒತ್ತಿ ಹೇಳಾಕತ್ತೀನಿ.

ನಿಮ್ಮ ಬೋರ್ಡಿಗೆ ಆರನೇ ಮತ್ತ ಏಳನೇ ಜನರೇಶನ್ ಎರಡೇ. ಮನಿಗೆ ಲೆಕ್ಕಕ್ಕ ಬರೋವು ಐ5-6500, ಐ5-7500, ಐ7-6700, ಐ7-7700. ಕೋರ್ ಅಂದ್ರ ಚಿಪ್ಪಿನೊಳಗಿನ ಕೆಲಸಗಾರ, ಥ್ರೆಡ್ ಅಂದ್ರ ಒಮ್ಮೆಗೇ ನಡೆಯೋ ಕೆಲಸದ ಸಾಲು. ಐ5 ಅಂದ್ರ 4 ಕೋರ್ 4 ಥ್ರೆಡ್, ಐ7 ಅಂದ್ರ 4 ಕೋರ್ 8 ಥ್ರೆಡ್, ನಾಲ್ಕೂ 65 ವ್ಯಾಟ್. ಈಗಿರೋ 6100 ಅಂದ್ರ 2 ಕೋರ್ 4 ಥ್ರೆಡ್, 51 ವ್ಯಾಟ್.

7700 ಹಿಂದ ಬೀಳಬ್ಯಾಡ್ರಿ, 6700 ಹುಡುಕ್ರಿ. ಎರಡರ ಕೋರ್ ವಿನ್ಯಾಸ ಹೆಚ್ಚೂಕಡಿಮಿ ಒಂದೇ. 6700 ಹೆಚ್ಚಂದ್ರ 4.0 ಗಿಗಾಹರ್ಟ್ಸ್ ಓಡ್ತದ, 7700 ಹೆಚ್ಚಂದ್ರ 4.2. ಆ ಫರಕು ಕಣ್ಣಿಗೆ ಕಾಣಂಗಿಲ್ಲ. ಆದ್ರ ಈ ಬೋರ್ಡ್‌ಗಳಿಗೆ ಹಾಕಬಹುದಾದ ಕಡೀ ದೊಡ್ಡ ಚಿಪ್ಪು ಅಂತ 7700ಕ್ಕ ಎಲ್ಲರೂ ಮುಗಿಬೀಳ್ತಾರ, ಹಂಗಾಗಿ ಅದರ ರೇಟ್ ಇಳಿಯಂಗಿಲ್ಲ. ಇನ್ನೊಂದು, ಏಳನೇ ಜನರೇಶನ್ ಹಾಕಬೇಕಂದ್ರ ಎಚ್110ಗೆ ಹೊಸ ಬಯೋಸ್, ಅಂದ್ರ ಬೋರ್ಡ್ ಒಳಗ ಬರೆದಿರೋ ಮೂಲ ತಂತ್ರಾಂಶ, ಬೇಕಾಗ್ತದ. 6700ಕ್ಕ ಸಾಮಾನ್ಯವಾಗಿ ಆ ಕೆಲಸ ಬೀಳಂಗಿಲ್ಲ. 6100 ತೆಗೀರಿ, 6700 ಇಡ್ರಿ, ಆನ್ ಮಾಡ್ರಿ. 7700ಕ್ಕ ಒಂದು ಹೆಚ್ಚಿಗಿ ಗುಣ ಅದ: 10 ಬಿಟ್ ಎಚ್‌ಇವಿಸಿ ವಿಡಿಯೋನ ಹಾರ್ಡ್‌ವೇರ್‌ದಾಗೇ ಬಿಚ್ಚತದ. ವಿಡಿಯೋ ಎಡಿಟಿಂಗ್ ಇದ್ರ ಅದಕ್ಕ ಬೆಲೆ ಕೊಡಬಹುದು, ಟ್ಯಾಲಿ ಮತ್ತ ಕೋಡಿಂಗ್‌ಗೆ ಬ್ಯಾಡ.

ಆದ್ರೂ 7700ನೇ ಬೇಕಂದ್ರ, 6100 ಒಳಗ ಇರೋವಾಗಲೇ ಬಯೋಸ್ ಅಪ್‌ಡೇಟ್ ಮಾಡ್ರಿ. ಚಿಪ್ ಬದಲಿ ಮಾಡಿದ ಮ್ಯಾಲ ಸ್ಕ್ರೀನೇ ಬರಂಗಿಲ್ಲ, ಮತ್ತ ಹಳೇದು ತಿರುಗಿ ಹಾಕಬೇಕಾಗ್ತದ. ರನ್‌ದಾಗ ಎಂಎಸ್‌ಇನ್ಫೋ32 ಹೊಡೆದ್ರ ಬೋರ್ಡ್ ಮಾಡೆಲ್, ಬಯೋಸ್ ತಾರೀಖು ಎರಡೂ ಕಾಣ್ತಾವ. ಬೋರ್ಡ್ ಮ್ಯಾಲ ರಿವಿಷನ್ ನಂಬರ್ ಅಚ್ಚಾಗಿರ್ತದ, ಅದನ್ನೂ ನೋಡ್ಕೊಳ್ರಿ. ಒಂದೇ ಮಾಡೆಲ್‌ದಾಗ 1.0 ಬೇರೆ ಫೈಲ್, 2.0 ಬೇರೆ ಫೈಲ್ ಇರ್ತದ. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಒಳಗಿನ ಟೂಲ್‌ನಿಂದಲೇ ಹಾಕ್ರಿ, ವಿಂಡೋಸ್ ಒಳಗಿಂದ ಬ್ಯಾಡ. ಯುಪಿಎಸ್ ಇಲ್ಲದ ಕೈ ಹಚ್ಚಬ್ಯಾಡ್ರಿ. ಮನಿ ಇನ್ವರ್ಟರ್ ಲೈನ್ ಬದಲಿ ಮಾಡೋ ಆ ಒಂದು ಕ್ಷಣದಾಗೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು, ಅರ್ಧ ಬರೆದ ಬಯೋಸ್ ಅಂದ್ರ ಪ್ರೋಗ್ರಾಮರ್ ಹಚ್ಚಿ ಮತ್ತ ಬರೀಬೇಕು. ಜೆಸ್ಕಾಂನವರು ಲೈನ್ ತೆಗೆಯೋ ಹೊತ್ತು ಗೊತ್ತಿದ್ರ ಆ ಹೊತ್ತು ಬಿಟ್ಟು ಮಾಡ್ರಿ.

ಬೀದರ್‌ನಿಂದ:

ಸರ್, ಪ್ರೊಸೆಸರ್ ಕಡೆ ಹೋಗುವ ಮೊದಲು ಯಾವುದು ತಡೆಯುತ್ತಿದೆ ಅಂತ ನೋಡಿಕೊಳ್ಳಿ. ಆಂಡ್ರಾಯ್ಡ್ ಸ್ಟುಡಿಯೋ ತೆಗೆದು, ಪ್ರಾಜೆಕ್ಟ್ ಬಿಲ್ಡ್‌ಗೆ ಹಾಕಿ, ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ಐದು ನಿಮಿಷ ಗಮನಿಸಿ. ಡಿಸ್ಕ್ 100ಕ್ಕೆ ಅಂಟಿಕೊಂಡು ಸಿಪಿಯು 40ರ ಆಸುಪಾಸು ಆಡುತ್ತಿದ್ದರೆ ಐ7 ಹಾಕಿದರೂ ಅದೇ ಕಾಯುವಿಕೆ. ಚಿಪ್ ಖಾಲಿ ಕೂತು ಹಾರ್ಡ್‌ಡಿಸ್ಕ್‌ನ ದಾರಿ ಕಾಯುತ್ತಿರುತ್ತದೆ.

8 ಜಿಬಿಯಲ್ಲಿ ಒಂದಿಷ್ಟನ್ನು ಒಳಗಿನ ಗ್ರಾಫಿಕ್ಸ್ ತಿನ್ನುತ್ತದೆ, ವಿಂಡೋಸ್ ಮತ್ತು ಬ್ರೌಸರ್ ಒಂದಿಷ್ಟು, ಅದರ ಮೇಲೆ ಸ್ಟುಡಿಯೋ, ಅದರ ಮೇಲೆ ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡುವ ನಕಲಿ ಮೊಬೈಲ್). ಉಳಿದದ್ದೆಲ್ಲ ಹಾರ್ಡ್‌ಡಿಸ್ಕ್ ಮೇಲಿನ ಪೇಜ್‌ಫೈಲ್‌ಗೆ ಹೋಗುತ್ತದೆ. ಮಷಿನ್ ನಿಂತುಬಿಡುವುದು ಬಹುತೇಕ ಅಲ್ಲೇ. ಇನ್ನೊಂದು 8 ಜಿಬಿ ಸ್ಟಿಕ್ ಹಾಕಿದರೆ ಜಾಗವೂ ಆಯಿತು, ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಓಡುವುದು) ಕೂಡ ಆಯಿತು. ಎಚ್110ಕ್ಕೆ ಎರಡೇ ಸ್ಲಾಟ್, ಒಟ್ಟು 32 ಜಿಬಿವರೆಗೆ. ಕೊಳ್ಳುವ ಮೊದಲು ಈಗಿರುವುದು ಡಿಡಿಆರ್4 ಹೌದೋ ಅಲ್ಲವೋ ನೋಡಿ, ಎಚ್110ರಲ್ಲಿ ಡಿಡಿಆರ್3 ಬೋರ್ಡ್‌ಗಳೂ ಬಂದಿವೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟ ತೋರಿಸುತ್ತದೆ. 2666 ಅಥವಾ 3200 ಸ್ಟಿಕ್ ಸಿಕ್ಕರೂ ನಡೆಯುತ್ತದೆ, ಈ ಬೋರ್ಡ್‌ನಲ್ಲಿ ಅದು 2133ಕ್ಕೆ ಇಳಿದು ಓಡುತ್ತದೆ, ಹಾಗಾಗಿ ಹೆಚ್ಚಿನ ವೇಗಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. ಹಳೆಯ ರ‍್ಯಾಮ್ ಕೊಳ್ಳಲು ಹೆದರಬೇಕಿಲ್ಲ. ಮೆಮ್‌ಟೆಸ್ಟ್86 ಪೂರ್ತಿ ಒಂದು ಸುತ್ತು ಓಡಿಸಿ, ಒಂದು ತಪ್ಪು ಬಂದರೂ ವಾಪಸ್ ಕೊಡಿ.

ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಹಾರ್ಡ್‌ಡಿಸ್ಕ್‌ನ ದಾರಿ ಕಾಯುವುದು ತಪ್ಪುತ್ತದೆ. ಸಾಟಾ ಕೇಬಲ್‌ಗೆ ಕೂರುವ 2.5 ಇಂಚಿನದು ತೆಗೆದುಕೊಳ್ಳಿ. ಬಹಳ ಎಚ್110 ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿ ನೇರ ಕೂರುವ ಎಂ.2 ಸ್ಲಾಟೇ ಇರುವುದಿಲ್ಲ.

ಶಹಾಪುರ, ಯಾದಗಿರಿ ಜಿಲ್ಲೆಯಿಂದ:

ಹೊಸ ಬೋರ್ಡಿನ ದಾರಿ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ಹೇಳ್ತೀನಿ. ನನ್ನ ಮನಸ್ಸು ಆ ಕಡಿಗೇ ಅದ, ಯಾಕಂದ್ರ ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. 6100, 6700, 7700 ಮೂರೂ ವಿಂಡೋಸ್ 11ರ ಪಟ್ಟಿಯೊಳಗ ಇಲ್ಲ. 12100 ಅದ. 4 ಕೋರ್ 8 ಥ್ರೆಡ್ ಅನ್ನೋದು 6700ಕ್ಕೂ ಅಷ್ಟೇ, ಆದ್ರ ಒಂದೊಂದು ಕೋರ್ ಭಾಳ ಗಟ್ಟಿ. ಟ್ಯಾಲಿ ಬ್ಯಾಂಕ್ ಕೆಲಸ ಎಲ್ಲಾ ಅದ್ರಾಗೇ ಮಾಡ್ತಾರಂದ್ರ ಸೆಕ್ಯೂರಿಟಿ ಅಪ್‌ಡೇಟ್ ಇಲ್ಲದ ವಿಂಡೋಸ್ ಮ್ಯಾಲ ಕುಂದ್ರೋದು ನನಗ ಸರಿ ಕಾಣಂಗಿಲ್ಲ.

ಆದ್ರ ಬೋರ್ಡ್, ಚಿಪ್ ಎರಡೂ ಹೊಸಾವು ಅಂದ್ರ ಹತ್ತು ಸಾವಿರ ದಾಟ್ತದ, ಎಸ್‌ಎಸ್‌ಡಿಗೆ ಏನೂ ಉಳಿಯಂಗಿಲ್ಲ. ಆ ದಾರಿ ಹಿಡಿದ್ರ ಇವು ತಪ್ಪಬಾರದು:

ಎಚ್610 ಬೋರ್ಡ್ ಎರಡು ನಮೂನಿ ಬರ್ತಾವ, ಡಿಡಿಆರ್4 ಮತ್ತ ಡಿಡಿಆರ್5. ಡಿಡಿಆರ್4ದೇ ಕೇಳ್ರಿ, ಇಲ್ಲಂದ್ರ ನಿಮ್ಮ ಹಳೇ ರ‍್ಯಾಮ್ ಮೂಲ್ಯಾಗ ಬೀಳ್ತದ. ಚಿಪ್ ಹೆಸರಿನ ಕಡಿಗೆ ಎಫ್ ಇದ್ರ, ಅಂದ್ರ 12100ಎಫ್, ತಗೋಬ್ಯಾಡ್ರಿ, ಅದಕ್ಕ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದ ಸ್ಕ್ರೀನ್ ಬರಂಗಿಲ್ಲ. ರೈಜನ್ 5500, 5600 ಅಂತ ಯಾರಾದ್ರೂ ತೋರಿಸಿದ್ರ ಅವೂ ಹಂಗೇ. ರೈಜನ್‌ದಾಗ 5600ಜಿ ಆದ್ರ ನಡೀತದ. ಮಾನಿಟರ್ ವಿಜಿಎ ಇದ್ರ ಬೋರ್ಡ್ ಹಿಂದ ವಿಜಿಎ ಪೋರ್ಟ್ ಅದನಾ ನೋಡ್ರಿ.

ಟ್ಯಾಲಿ ಲೈಸೆನ್ಸ್ ಮಷಿನ್‌ಗೆ ಕಟ್ಟಿರ್ತದ. ಹಳೇ ಬೋರ್ಡ್ ಬಿಚ್ಚೋಕಿಂತ ಮೊದಲು ಸರೆಂಡರ್ ಮಾಡ್ರಿ, ಆಮ್ಯಾಲ ಹೊಸದ್ರಾಗ ಆಕ್ಟಿವೇಟ್. ವಿಂಡೋಸ್ ಲೈಸೆನ್ಸ್‌ದ್ದೂ ಅದೇ ಕಥಿ, ಮೊದಲೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಜೋಡಿಸಿಟ್ರ ಬೋರ್ಡ್ ಬದಲಾದ ಮ್ಯಾಲ ತಿರುಗಿ ಕೇಳಾಕ ಬರ್ತದ. ಮಷಿನ್ ಜೋಡಿ ಬಂದ ಓಇಎಂ ಲೈಸೆನ್ಸ್ ಆದ್ರ ಹೊಸ ಬೋರ್ಡಿಗೆ ಬರಂಗಿಲ್ಲ.

ಹಳೇ ಡಿಸ್ಕ್ ಹಂಗೇ ಹಾಕಿ ಬೂಟ್ ಆಗಲಿಲ್ಲ ಅಂತ ಭಾಳ ಮಂದಿ ಬೋರ್ಡ್ ವಾಪಸ್ ಒಯ್ತಾರ. ತಪ್ಪು ಬೋರ್ಡಿಂದಲ್ಲ. ಹಳೇ ವಿಂಡೋಸ್ ಎಂಬಿಆರ್ ಅನ್ನೋ ಹಳೇ ನಮೂನಿ ಡಿಸ್ಕ್ ಮ್ಯಾಲ, ಲೆಗಸಿ ಅನ್ನೋ ಹಳೇ ಬೂಟ್ ಮೋಡ್‌ದಾಗ ಹಾಕಿರ್ತಾರ. ಈ ಹೊಸ ಚಿಪ್‌ಗಳ ಒಳಗಿನ ಗ್ರಾಫಿಕ್ಸ್ ಮ್ಯಾಲ ಲೆಗಸಿ ಬೂಟ್ ನಡೆಯಂಗಿಲ್ಲ, ಯುಇಎಫ್‌ಐ ಒಂದೇ. ಹೊಸದಾಗಿ ವಿಂಡೋಸ್ ಹಾಕೋದು ಛಲೋ. ಹಳೇದೇ ಬೇಕಂದ್ರ ಬ್ಯಾಕಪ್ ತಗೊಂಡು, ಹಳೇ ಮಷಿನ್‌ದಾಗಲೇ ವಿಂಡೋಸ್ ಜೋಡಿ ಬರೋ ಎಂಬಿಆರ್2ಜಿಪಿಟಿ ಕಮಾಂಡ್ ಅನ್ನ ಮೊದಲು ವ್ಯಾಲಿಡೇಟ್, ಆಮ್ಯಾಲ ಕನ್ವರ್ಟ್ ಅಂತ ಓಡಿಸ್ರಿ.

ಕೇಳಿದವರು:

ಬೀದರ್‌ದವರು ಹೇಳಿದಂಗ ನೋಡಿದೆ. ಬಿಲ್ಡ್ ಹೊತ್ತಿನಾಗ ಡಿಸ್ಕ್ 100, ಮೆಮೊರಿ 91, ಸಿಪಿಯು 35ರಿಂದ 60. ರ‍್ಯಾಮ್ ಡಿಡಿಆರ್4. ಎಂ.2 ಇಲ್ಲ. ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ) ಮ್ಯಾಲ 450 ವ್ಯಾಟ್ ಅಂತ ಅದ, ಲೋಕಲ್ ಕಂಪನಿದು. ಇದು ಸಾಕಾಗ್ತದೇನ್ರಿ?

ಬೀದರ್‌ನಿಂದ:

ಹಾಗಿದ್ದರೆ ಎಸ್‌ಎಸ್‌ಡಿ, ರ‍್ಯಾಮ್ ಮೊದಲು. ಚಿಪ್ ಆಮೇಲೆ, ಉಳಿದ ದುಡ್ಡಿಗೆ. ರ‍್ಯಾಮ್ ರೇಟ್ ಬೇಗ ಬದಲಾಗುತ್ತದೆ, ಎರಡು-ಮೂರು ಕಡೆ ಒಂದೇ ದಿನ ಕೇಳಿ, ಹಿಂದಿನ ವಾರದ ರೇಟ್ ನೆಚ್ಚಿಕೊಂಡು ಹೋಗಬೇಡಿ. ಶಹಾಪುರದವರು ಹೇಳಿದ ದಾರಿ ಮುಂದೆ ಹಿಡಿದರೂ ಈ ಎರಡೂ ವಸ್ತು ಹೊಸ ಬೋರ್ಡ್‌ಗೆ ಹಾಗೇ ಬರುತ್ತವೆ, ಡಿಡಿಆರ್4 ಬೋರ್ಡ್ ಆರಿಸಿಕೊಂಡರೆ.

ಮಗಳಿಗೆ ಎರಡು ಮಾತು. ಬಯೋಸ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಆನ್ ಇದೆಯೇ ನೋಡಲಿ, ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದ ಕೆಳಗೇ ಕಾಣುತ್ತದೆ. ಅದು ಆಫ್ ಇದ್ದರೆ ಎಮ್ಯುಲೇಟರ್ ಯಾವ ಚಿಪ್‌ನಲ್ಲೂ ನೆಟ್ಟಗೆ ಓಡುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೆ ಅಥವಾ ಬೋರ್ಡ್‌ನ ಸಿಆರ್2032 ಸೆಲ್ ಸತ್ತರೆ ಇದು ಮತ್ತೆ ಆಫ್ ಆಗಬಹುದು. ಎರಡನೆಯದು, ಎಮ್ಯುಲೇಟರ್ ಬದಲು ಮೊಬೈಲ್‌ನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕೇಬಲ್‌ನಿಂದ ಆ್ಯಪ್ ಓಡಿಸಲಿ. ಖರ್ಚಿಲ್ಲದೆ ಒಂದೆರಡು ಜಿಬಿ ಮೆಮೊರಿ ಉಳಿಯುತ್ತದೆ.

ಕಲಬುರಗಿ, ಬೋರ್ಡ್ ರಿಪೇರಿ ಕೆಲಸದವರು:

ಎಸ್‌ಎಂಪಿಎಸ್ ಮ್ಯಾಲಿನ 450 ನಂಬಬ್ಯಾಡ್ರಿ, ಲೇಬಲ್ ಮ್ಯಾಲ ಪ್ಲಸ್ 12 ವೋಲ್ಟ್ ಎದುರಿಗೆ ಎಷ್ಟು ಆ್ಯಂಪ್ ಅದ ಓದ್ರಿ. 16 ಆ್ಯಂಪ್ ಇದ್ರ 12 ಗುಣಿಸು 16, 192 ವ್ಯಾಟ್. ಚಿಪ್ ಕುಡಿಯೋದು ಆ ಲೈನ್‌ದಾಗಿಂದೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ 65 ವ್ಯಾಟ್ ಚಿಪ್ಪಿಗೆ ಅಷ್ಟು ಸಾಕು. ಆದ್ರ ಫ್ಯಾನ್ ಗರಗರ ಅಂತಿದ್ರ, ಮ್ಯಾಲಿನ ಜಾಳಿಗಿಯೊಳಗ ಟಾರ್ಚ್ ಹಾಕಿದಾಗ ಕೆಪಾಸಿಟರ್ ತಲಿ ಉಬ್ಬಿದ್ದು ಕಂಡ್ರ, ಚಿಪ್ ಬಿಟ್ಟು ಮೊದಲು ಅದನ್ನ ಬದಲಿ ಮಾಡ್ರಿ.

ಮುಂದ 6700 ತಗೊಂಡ್ರ, ಕೈಯಾಗ ಹಿಡಿದು ತಲಿ ಮ್ಯಾಲಿನ ಅಕ್ಷರ ಓದ್ರಿ. ಐ7-6700ಕ್ಕ ಎಸ್‌ಆರ್2ಎಲ್2 ಅಂತ ಇರ್ತದ, 7700ಕ್ಕ ಎಸ್‌ಆರ್338. ಹೆಸರಿನ ಕಡಿಗೆ ಟಿ ಇದ್ರ ಅದು 35 ವ್ಯಾಟಿನ ನಿಧಾನದ ಚಿಪ್, ಆ ರೇಟಿಗೇ ಕೇಳ್ರಿ. ಇಂಟೆಲ್ ಕಾನ್ಫಿಡೆನ್ಶಿಯಲ್ ಅಂತ ಅಚ್ಚಾಗಿದ್ರ ಅದು ಪರೀಕ್ಷೆಗೆ ಮಾಡಿದ ಸ್ಯಾಂಪಲ್, ಮುಟ್ಟಬ್ಯಾಡ್ರಿ. ತಿರುವಿ ಹಿಡಿದು ನಡುವಿನ ಸಣ್ಣ ಸಣ್ಣ ಕೆಪಾಸಿಟರ್‌ಗಳೊಳಗ ಒಂದೂ ಹಾರಿರಬಾರದು. ಅಂಗಡಿಯವರ ಬೋರ್ಡ್ ಮ್ಯಾಲೇ ಹಾಕಿಸಿ, ಚಿಪ್ಪಿಗೆ ಪೂರ್ತಿ ಭಾರ ಹಾಕೋ ಪ್ರೈಮ್95 ಅರ್ಧ ತಾಸು ಓಡಿಸಿ ತಗೊಳ್ರಿ.

ಪಿನ್ ಇರೋದು ಬೋರ್ಡಿನ ಸಾಕೆಟ್‌ದಾಗ, ಚಿಪ್ಪಿನಾಗಲ್ಲ. ಚಿಪ್ ಅಂಚು ಹಿಡಿದು, ಮೂಲಿಯ ತ್ರಿಕೋನ ಸಾಕೆಟ್‌ದ ತ್ರಿಕೋನಕ್ಕ ಹೊಂದಿಸಿ, ನೆಟ್ಟಗ ಮ್ಯಾಲಿಂದ ಇಳಿಸ್ರಿ. ಜಾರಿಸಬ್ಯಾಡ್ರಿ, ಒತ್ತಬ್ಯಾಡ್ರಿ. ಒಂದು ಪಿನ್ ಬಾಗಿದ್ರ ಒಂದು ರ‍್ಯಾಮ್ ಸ್ಲಾಟ್ ಸಾಯಬಹುದು, ಇಡೀ ಬೋರ್ಡೂ ಸಾಯಬಹುದು.

ಸೇಡಂನಿಂದ:

ಚಿಪ್ ತಣ್ಣಗಿಡುವ ಕೂಲರ್ ಬಗ್ಗೆ ಯಾರೂ ಹೇಳಲಿಲ್ಲ, ನಮ್ಮ ಕಡೆ ಅದೇ ಮುಖ್ಯ. ಕೋಣೆ 25 ಡಿಗ್ರಿ ಇದ್ದಾಗ ಚಿಪ್ 75 ಬಂದರೆ, ಮೇ ತಿಂಗಳಲ್ಲಿ ಕೋಣೆ 40 ಆದಾಗ ಅದೇ ಕೆಲಸಕ್ಕೆ 90 ಬರುತ್ತದೆ. 100ರ ಹತ್ತಿರ ಹೋದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಐ7ಗೆ ಕೊಟ್ಟ ದುಡ್ಡು ಅಲ್ಲಿಗೆ ವ್ಯರ್ಥ. 6100 ಜೊತೆ ಬರುವ ತೆಳ್ಳನೆಯ ಅಲ್ಯೂಮಿನಿಯಂ ಕೂಲರ್ ಐ7ಗೆ ನಮ್ಮ ಬೇಸಿಗೆಯಲ್ಲಿ ಸಾಲದು.

ಚಿಪ್ ಮತ್ತು ಕೂಲರ್ ನಡುವಿನ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಪೂರ್ತಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ನಡುವೆ ಇಡಿ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ನಾಲ್ಕು ಪುಶ್‌ಪಿನ್‌ಗಳನ್ನು ಎದುರು-ಬದುರು ಮೂಲೆಯ ಕ್ರಮದಲ್ಲಿ ಒತ್ತಿ. ಬೋರ್ಡ್ ಹಿಂದೆ ನಾಲ್ಕೂ ಕಡೆ ಬಿಳಿ ಕಾಲು ಬಿಚ್ಚಿಕೊಂಡು ನಡುವೆ ಕರಿ ಪಿನ್ ಹೊರಬಂದಿರಬೇಕು. ಒಂದು ಮೂಲೆ ಕೂರದಿದ್ದರೆ ಚಿಪ್ ಕೆಲವೇ ಸೆಕೆಂಡಿನಲ್ಲಿ 95 ದಾಟಬಹುದು. ಶಾಖ ತೋರಿಸುವ ತಂತ್ರಾಂಶ ಎಚ್‌ಡಬ್ಲ್ಯುಇನ್ಫೋದಲ್ಲಿ ನೋಡಿಕೊಳ್ಳಿ.

ನೀರಿನ ಏರ್‌ಕೂಲರ್ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯದಂತೆ ಇಡಿ. ತೇವಕ್ಕೆ ಧೂಳು ಫಿನ್‌ಗಳ ನಡುವೆ ಕೆಸರಿನಂತೆ ಅಂಟುತ್ತದೆ, ಬ್ಲೋವರ್‌ಗೂ ಬಿಡುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಪೆನ್ಸಿಲ್ ಅಡ್ಡ ಇಡಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ.

ಕೇಳಿದವರು:

ಈ ತಿಂಗಳು ಎಸ್‌ಎಸ್‌ಡಿ, ರ‍್ಯಾಮ್ ತಗೋತೀನಿ. ಕೂಲರ್ ಈಗ ತಗೊಂಡ್ರ ಮುಂದ 12100ಕ್ಕೂ ನಡೀತದೇನ್ರಿ?

ಸೇಡಂನಿಂದ:

ಎಲ್ಲವೂ ನಡೆಯುವುದಿಲ್ಲ. ನಿಮ್ಮ 1151ರಲ್ಲಿ ಕೂಲರ್ ತೂತುಗಳ ಅಂತರ 75 ಮಿ.ಮೀ., 1700 ಸಾಕೆಟ್‌ನಲ್ಲಿ 78. ಬಾಕ್ಸ್ ಮೇಲೆ 115ಎಕ್ಸ್ ಮತ್ತು 1700 ಎರಡೂ ಅಚ್ಚಾಗಿರುವ ಕೂಲರ್ ಕೇಳಿ, ನಾಲ್ಕು ಪಿನ್‌ನ ಫ್ಯಾನ್ ಇರಲಿ, ಅಂಗಡಿಯಲ್ಲೇ ಬಿಚ್ಚಿಸಿ ಎರಡರ ಬ್ರಾಕೆಟ್ಟೂ ಒಳಗಿವೆಯೇ ನೋಡಿ. ಹೊಸ 12100 ಬಾಕ್ಸ್‌ನಲ್ಲಿ ಕೊಂಡರೆ ಕೂಲರ್ ಅದರ ಜೊತೆಗೇ ಬರುತ್ತದೆ, ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಚಿಪ್‌ಗೆ ಬರುವುದಿಲ್ಲ.